ಜೇಬಿನಲ್ಲಿ ಆಯಿಯ ದನಿ

ಮನುಷ್ಯನಿಗೆ ಹೆಸರಿಡುವವರು ಬೇರೆಯವರು, ಆ ಹೆಸರು ಹಿಡಿದು ಕರೆಯುವವರೂ ಬೇರೆಯವರು. ಅಪ್ಪಯ್ಯ ಗದರಿದರೆ ಆ ಗದರಿಕೆಗೆ, ಹೆಂಡತಿ ಅಡುಗೆಮನೆಯಿಂದ ರಾಗ ಎಳೆದರೆ ಆ ರಾಗಕ್ಕೆ, ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡರೆ ಬರೀ ಆ ಕೆಮ್ಮಿಗೆ ಓಗೊಡುತ್ತ ಅರ್ಧ ಆಯುಷ್ಯ ಕಳೆದವನು ನಾನು. ನನ್ನನ್ನು ಇಂಥದೇ ದನಿಯಲ್ಲಿ ಕರೆಯಬೇಕು ಎಂದು ವಿಧಿಸುವ ಅಧಿಕಾರ ನನ್ನಂಥವನಿಗೆ ಮೊದಲ ಬಾರಿ ಸಿಕ್ಕಿದ್ದು ಮೊಬೈಲ್ ಫೋನ್ ಬಂದ ಮೇಲೆ. ಅಧಿಕಾರ ಅಭ್ಯಾಸವಿಲ್ಲದವನ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಸಮಾಜ ವಿಜ್ಞಾನದ ಮಾಸ್ತರನಾಗಿ ನಾನು ಮಕ್ಕಳಿಗೆ ಎಷ್ಟೋ ರಾಜವಂಶಗಳ ಉದಾಹರಣೆ ಕೊಟ್ಟು ವಿವರಿಸಿದ್ದೇನೆ. ಆದರೂ ನನಗೆ ಅದು ಹೊಳೆಯಲಿಲ್ಲ.

ಆಗ ನಾವು ಶಿರಸಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು, ಹೆಂಡತಿ ಗಂಗಾ ಮತ್ತು ನನ್ನ ತಾಯಿ, ಅಂದರೆ ಆಯಿ. ನನ್ನ ಶಾಲೆ ಸಿದ್ದಾಪುರದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಪರದೆ ಮುಟ್ಟಿದರೆ ಕೆಲಸ ಮಾಡುವ ಫೋನುಗಳು ಪೇಟೆಗೆ ಹೊಸದಾಗಿ ಬಂದಿದ್ದವು. ಅಂಗಡಿಯವನು ಅಂಥದೊಂದನ್ನು ನನ್ನ ಕೈಗಿಟ್ಟು, "ಸ್ಮಾರ್ಟ್‌ಫೋನ್ ಸಾರ್, ಎಲ್ಲ ಅದೇ ಮಾಡ್ತದೆ" ಎಂದ. ಎಲ್ಲ ಅದೇ ಮಾಡುವುದಾದರೆ ನಾನು ಏನು ಮಾಡಬೇಕು ಎಂದು ಆಗಲೇ ಕೇಳಬೇಕಿತ್ತು. ಅದರೊಳಗೆ ಮೊದಲಿಂದಲೇ ಇದ್ದ ರಿಂಗ್‌ಟೋನ್ ಹೇಗಿತ್ತೆಂದರೆ, ಜೀರುಂಡೆಯೊಂದಕ್ಕೆ ಇಂಗ್ಲಿಷ್ ಬ್ಯಾಂಡ್ ಕಲಿಸಿದ ಹಾಗೆ. ಬಸ್ಸಿನಲ್ಲಿ ಅದು ಕಿರುಚಿದರೆ ಪಕ್ಕದವರು ತಮ್ಮ ಕಾಲಬುಡ ನೋಡಿಕೊಳ್ಳುತ್ತಿದ್ದರು.

ಅದನ್ನು ಬದಲಿಸಬಹುದೆಂದು ಹೇಳಿದವರು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರಾದ ನಾಯ್ಕರು. "ನಿಮಗೆ ಬೇಕಾದ ಹಾಡು ಹಾಕ್ಕೊಳ್ಳಿ ಮಾಸ್ತರೆ. ನೀವೇ ರೆಕಾರ್ಡ್ ಮಾಡಿ ಹಾಕಿದ್ರೂ ಆಗ್ತದೆ" ಎಂದರು. ನನಗೆ ಕೂಡಲೇ ನೆನಪಾದದ್ದು ಆಯಿಯ ಹಸೆ ಹಾಡು. ಮದುವೆಯಲ್ಲಿ ಮದುಮಕ್ಕಳನ್ನು ಹಸೆಮಣೆಗೆ ಕರೆಯುವಾಗ ಹೆಂಗಸರು ಹಾಡುತ್ತಾರಲ್ಲ, ಆ ಹಾಡುಗಳಲ್ಲಿ ಆಯಿಯದು ಎತ್ತಿದ ಕೈ. ಅವಳ ತವರು ವಾನಳ್ಳಿಯ ಕಡೆ ಈಗಲೂ ಮದುವೆ ಕಾಗದದ ಜೊತೆಗೆ "ಹಾಡಲೆ ಬರಕ್ಕು" ಎಂಬ ಪ್ರತ್ಯೇಕ ಕರೆ ಬರುತ್ತದೆ. ಕರೆಯುವುದಕ್ಕೆಂದೇ ಹುಟ್ಟಿದ ಹಾಡು. ಫೋನಿಗೆ ಅದಕ್ಕಿಂತ ಒಪ್ಪುವುದು ಬೇರೆ ಏನಿದೆ ಎಂದು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಭಾನುವಾರ ಮಧ್ಯಾಹ್ನ ಆಯಿಯನ್ನು ಬೆಂಚಿನ ಮೇಲೆ ಕೂರಿಸಿ, ಫೋನನ್ನು ಅವಳ ಮಡಿಲಲ್ಲಿಟ್ಟು, ಗುಂಡಿ ಒತ್ತಿ, ಹಾಡು ಎಂದು ಕೈಸನ್ನೆ ಮಾಡಿದೆ. ಆಯಿ ಫೋನನ್ನು ನೋಡಿದಳು. ನನ್ನನ್ನು ನೋಡಿದಳು. ಯಂತ್ರವೆಂದ ಮೇಲೆ ಅದು ಮೊದಲು ಏನಾದರೂ ಸದ್ದು ಮಾಡುತ್ತದೆ, ಆಮೇಲೆ ತನ್ನ ಸರದಿ ಎಂದು ಅವಳ ಲೆಕ್ಕ. ನಾನು ಮಾತಾಡಿದರೆ ನನ್ನ ದನಿಯೂ ಸೇರೀತೆಂದು ಬಾಯಿಗೆ ಬೆರಳಿಟ್ಟುಕೊಂಡು ನಿಂತಿದ್ದೆ. ಅದನ್ನು ಅವಳು ತನಗೇ ಸುಮ್ಮನಿರಲು ಹೇಳಿದ್ದೆಂದು ತಿಳಿದಳು. ಹೀಗೆ ಇಬ್ಬರೂ ಗುಡಿಯ ಮುಂದೆ ನಿಂತ ಭಕ್ತರ ಹಾಗೆ ಬಹಳ ಹೊತ್ತು ಮೌನವಾಗಿದ್ದೆವು. ಕೊನೆಗೆ ಆಯಿಯೇ ತಡೆಯಲಾರದೆ, "ಎಂತ, ಇದು ಶುರುವಾತಾ? ಆನು ಹಾಡ್ಲಾ?" ಎಂದು ಕೇಳಿ, ಗಂಟಲು ಸರಿಮಾಡಿಕೊಂಡು ಹಾಡಿದಳು. ಚೆನ್ನಾಗಿಯೇ ಹಾಡಿದಳು.

ಇನ್ನು ಅದನ್ನು ರಿಂಗ್‌ಟೋನ್ ಮಾಡುವ ಕೆಲಸ. ನಾಯ್ಕರು ಹೇಳಿದ ದಾರಿ ಹಿಡಿದು ಫೋನಿನೊಳಗೆ ಹೋದೆ. ಒಂದು ಬಾಗಿಲು ತೆರೆದರೆ ಅದರೊಳಗೆ ನಾಲ್ಕಾರು ಬಾಗಿಲು, ಎಲ್ಲದರ ಮೇಲೂ ಟೋನ್ ಎಂದೇ ಬರಹ. ಒಂದರಲ್ಲಿ ಆಯಿಯ ಹಾಡನ್ನು ಕೂರಿಸಿ, ಸರಿ ಎಂದು ಒತ್ತಿ, ಹಗುರಾಗಿ ಮಲಗಿದೆ. ಬೆಳಗಿನ ಜಾವದ ಸಕ್ಕರೆ ನಿದ್ದೆಯಲ್ಲಿ ತಲೆದಿಂಬಿನ ಬಳಿ ಆಯಿ, "ಎಂತ, ಇದು ಶುರುವಾತಾ?" ಎಂದಳು. ತಟ್ಟನೆ ಎದ್ದು ಅವಳ ಕೋಣೆಗೆ ಓಡಿದೆ. ಆಯಿ ಹಾಸಿಗೆಯಲ್ಲಿ ಕೂತು ದೇವರ ನಾಮ ಹೇಳಿಕೊಳ್ಳುತ್ತಿದ್ದಳು.

"ಎಂತಕ್ಕೆ ಕರೆದೆ ಆಯಿ?"

"ಆನು ಯಾವಾಗ ಕರದ್ನೋ?"

"ಈಗಷ್ಟೇ ಕರದ್ಯಲೇ. ಶುರುವಾತಾ ಕೇಳಿದೆ."

ಆಯಿ ನನ್ನ ಹಣೆ ಮುಟ್ಟಿ ನೋಡಿ, "ಗಂಗಾ, ಇವಂಗೆ ಕಷಾಯ ಮಾಡೇ" ಎಂದು ಕೂಗಿದಳು. ಕಷಾಯ ಕುಡಿಯುವಾಗ ತಿಳಿಯಿತು, ನಾನು ಹೊಕ್ಕ ಬಾಗಿಲು ಅಲಾರಾಮಿನದು.

ಮರುದಿನ ನಾಯ್ಕರು ಮತ್ತೊಂದು ದಾರಿ ತೋರಿಸಿದರು. ಆ ಬಾಗಿಲು ಮೆಸೇಜಿನದಾಗಿತ್ತು. ಒಂಬತ್ತನೆಯ ತರಗತಿಯಲ್ಲಿ ಫ್ರಾನ್ಸಿನ ಕ್ರಾಂತಿಯ ಪಾಠ ಹೇಳಲು ಹಾಜರಿ ಮುಗಿಸಿ ನಿಂತವನಿಗೆ ಯಾರೋ ಮೆಸೇಜು ಕಳಿಸಿರಬೇಕು. ಇಡೀ ತರಗತಿ ನಿಶ್ಶಬ್ದವಾಗಿದ್ದಾಗ ನನ್ನ ಜೇಬು, "ಎಂತ, ಇದು ಶುರುವಾತಾ?" ಎಂದು ಕೇಳಿತು. ಹಿಂದಿನ ಬೆಂಚಿನಿಂದ, "ಇನ್ನೂ ಇಲ್ಲ ಅಮ್ಮಾ, ಈಗ ಶುರು ಮಾಡ್ತಾರೆ" ಎಂಬ ವಿನಯದ ಉತ್ತರವೂ ಬಂತು. ಆವತ್ತು ಕ್ರಾಂತಿ ನಡೆಯಲಿಲ್ಲ.

ಮೂರನೆಯ ಪ್ರಯತ್ನದಲ್ಲಿ ಅದು ಸರಿಯಾದ ಜಾಗದಲ್ಲೇ ಕೂತಿತು. ಆದರೆ ಗೊಂದಲ ನಿಜವಾಗಿ ಆರಂಭವಾದದ್ದು ಆಗಲೇ. ನನಗೆ ಫೋನುಗಳೇ ಬರದಾದವು. ಮನೆಗೆ ಬಂದವರೆಲ್ಲ ಮಾತ್ರ, "ಎಷ್ಟು ಸಲ ಫೋನ್ ಮಾಡದು ಮಾರಾಯಾ, ಎತ್ತದೇ ಇಲ್ಲೆ" ಎನ್ನುತ್ತಿದ್ದರು. ಫೋನಿನೊಳಗೆ ನೋಡಿದರೆ ಅವರ ಹೆಸರುಗಳೆಲ್ಲ ಕೆಂಪು ಅಕ್ಷರದಲ್ಲಿ ಸಾಲಾಗಿ ನಿಂತಿದ್ದವು. ಕಿವಿಯ ಡಾಕ್ಟರರಿಗೆ ತೋರಿಸೋಣ ಎಂದಳು ಗಂಗಾ. ನೆಟ್‌ವರ್ಕಿನ ದೋಷ ಎಂದೆ ನಾನು. ಪರೀಕ್ಷೆ ಮಾಡಲೆಂದು ಹಜಾರದ ಲ್ಯಾಂಡ್‌ಲೈನಿನಿಂದ ನಾನೇ ಫೋನ್ ಹಚ್ಚಿ, ರಿಸೀವರನ್ನು ಪಕ್ಕಕ್ಕಿಟ್ಟು, ಕೋಣೆಗೆ ನಡೆದು ಹೋಗಿ ನೋಡಿದರೆ ಮಂಚದ ಮೇಲಿದ್ದ ಮೊಬೈಲಿನಿಂದ ಆಯಿಯ ದನಿ ಸ್ಪಷ್ಟವಾಗಿ ಬರುತ್ತಿತ್ತು. ಎಲ್ಲ ಸರಿ ಇದೆಯಲ್ಲ! ಆ ದನಿಗೆ ಮುಂಚೆ ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಿಂತ ಅಷ್ಟುದ್ದದ ಮೌನವೂ ರಿಂಗ್‌ಟೋನಿನೊಳಗೆ ಸೇರಿಕೊಂಡಿದೆ, ಫೋನು ಮೊದಲು ಆ ಮೌನವನ್ನೇ ಭಕ್ತಿಯಿಂದ ಬಾರಿಸುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ಫೋನ್ ಮಾಡಿದವರು ಆ ಮೌನ ಮುಗಿಯುವ ಮೊದಲೇ ಇಟ್ಟುಬಿಡುತ್ತಿದ್ದರು; ಪರೀಕ್ಷೆಯ ದಿನ ಮಾತ್ರ ನಾನು ಕೋಣೆಗೆ ನಡೆದು ಹೋಗುವಷ್ಟರಲ್ಲಿ ಅದು ಮುಗಿದಿತ್ತು.

ಇದು ಇಷ್ಟಕ್ಕೇ ನಿಂತಿದ್ದರೆ ನಗೆಯಲ್ಲಿ ಹೋಗುತ್ತಿತ್ತು. ಆದರೆ ಅದೇ ಹೊತ್ತಿಗೆ ನನ್ನ ಅಕ್ಕನ ಮಗಳು ವೀಣಾಳ ಮದುವೆಯ ಮಾತು ನಡೆದಿತ್ತು. ಅಕ್ಕನನ್ನು ಕೊಟ್ಟದ್ದು ಯಲ್ಲಾಪುರಕ್ಕೆ. ಭಾವ ಗಣಪತಿ ಅಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವರು, ಮೂಗಿನ ತುದಿಯಲ್ಲಿ ಸಿಟ್ಟು. ವೀಣಾಳಿಗೆ ಎರಡು ಕಡೆ ಮಾತು ಕೊನೆಯವರೆಗೆ ಹೋಗಿ ತಪ್ಪಿ ಹೋಗಿತ್ತು; ಹುಡುಗಿ ಏನೂ ಹೇಳದಿದ್ದರೂ ನಗುವುದನ್ನು ಕಡಿಮೆ ಮಾಡಿದ್ದಳು. ಈಗ ಬಂದ ಹುಡುಗ ಹೆಗ್ಗರಣೆಯವನು, ಹುಬ್ಬಳ್ಳಿಯಲ್ಲಿ ಕಾಲೇಜಿನ ಉಪನ್ಯಾಸಕ. ಎರಡೂ ಕಡೆಯವರಿಗೆ ನಡುದಾರಿಯೆಂದು ಹುಡುಗಿ ನೋಡುವ ಶಾಸ್ತ್ರ ಶಿರಸಿಯ ನಮ್ಮ ಮನೆಯಲ್ಲೇ ಎಂದು ನಿಗದಿಯಾಯಿತು. "ಶ್ರೀಪಾದ, ಎಂತಾದ್ರೂ ಇದ್ರೆ ಫೋನ್ ಮಾಡ್ತೆ. ಕೈಯಲ್ಲೇ ಇಟ್ಕ" ಎಂದು ಭಾವ ಮೊದಲೇ ಹೇಳಿದ್ದರು; ಮಳೆಗೆ ನಮ್ಮ ಲ್ಯಾಂಡ್‌ಲೈನು ಆ ವಾರ ಸತ್ತಿತ್ತು.

ಭಾನುವಾರ ಹುಡುಗನ ಕಡೆಯವರು ಹೇಳಿದ ಹೊತ್ತಿಗೆ ಬಂದರು. ಹುಡುಗ, ಅವನ ಅಪ್ಪ, ಅಮ್ಮ. ಹುಡುಗಿಯ ಕಡೆಯವರ ಪತ್ತೆಯೇ ಇಲ್ಲ. ಕೇಸರಿಬಾತು ಮುಗಿಯಿತು. ಗಂಗಾ ತೊಡದೇವು ತಂದಿಟ್ಟಳು. ಕಾಗದದಂತೆ ತೆಳುವಾದ ಆ ಸಿಹಿಯನ್ನು ಮುರಿಯುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಹುಡುಗನ ಅಪ್ಪ ಗಡಿಯಾರ ನೋಡಿ, "ನಮ್ಮ ಬಸ್ಸು ತಪ್ಪಿದ್ರೆ ಮತ್ತೆ ಇಲ್ಲೆ. ಮಾಣಿ ಸಂಜೆಗೇ ಹುಬ್ಬಳ್ಳಿಗೆ ಹೋಗವು" ಎಂದರು. ನಾನು ಮಳೆ, ರಸ್ತೆ, ಪಠ್ಯಪುಸ್ತಕಗಳ ಗುಣಮಟ್ಟ ಎಲ್ಲದರ ಬಗ್ಗೆಯೂ ಮಾತಾಡಿ ಖಾಲಿಯಾಗಿದ್ದೆ. ಟೀಪಾಯಿಯ ಮೇಲಿದ್ದ ನನ್ನ ಫೋನು ಆಗಾಗ ಬೆಳಗಿ ಆರುತ್ತಿತ್ತು. ಸದ್ದಿಲ್ಲದೆ ಬೆಳಗುವುದು ಸ್ಮಾರ್ಟ್‌ಫೋನಿನ ಸ್ವಭಾವ ಇರಬೇಕೆಂದುಕೊಂಡು ಅದನ್ನು ಬೋರಲು ಹಾಕಿಟ್ಟೆ.

ಹುಡುಗನ ಅಪ್ಪ, "ಹಂಗಾದ್ರೆ ನಂಗ..." ಎಂದು ಎದ್ದೇ ಬಿಟ್ಟರು. ಅಷ್ಟರಲ್ಲಿ ಯಾರೂ ಬಾಯಿ ತೆರೆಯದ ಆ ಹಜಾರದಲ್ಲಿ ವೃದ್ಧೆಯೊಬ್ಬಳ ದನಿ ಕೇಳಿತು. "ಎಂತ, ಇದು ಶುರುವಾತಾ? ಆನು ಹಾಡ್ಲಾ?"

ನಾನು ಫೋನಿನ ಮೇಲೆ ಹಾರಿ ಬಿದ್ದೆ. ಗಾಬರಿಯಲ್ಲಿ ಹಸಿರಿನ ಬದಲು ಕೆಂಪು ಒತ್ತಿದೆ. ಹುಡುಗನ ಅಮ್ಮ ಅಡುಗೆಮನೆಯ ಬಾಗಿಲ ಕಡೆ ತಿರುಗಿ, "ಅಯ್ಯೋ, ಪಾಪ, ಒಳಗೆ ಅಜ್ಜಿ ಕೇಳ್ತಾ ಇದ್ದ. ಹಾಡಿ ಅತ್ತೆ, ಹಾಡಿ. ಕೇಳ್ದೇ ಹೋಪದು ಹೆಂಗೆ?" ಎಂದರು. ಆಯಿ ನಿಜವಾಗಿಯೂ ಅಡುಗೆಮನೆಯಲ್ಲಿದ್ದಳು. ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು, "ಆನು ಕೇಳಿದ್ನೇ ಇಲ್ಲೆ" ಎನ್ನಲು ಬಾಯಿ ತೆರೆದಳು. ನಾನು ಅವಳ ಮುಖ ನೋಡಿದೆ. ಆ ನೋಟದಲ್ಲಿ ಏನಿತ್ತೋ, ಆಯಿ ನಿಂತಿದ್ದ ಗೃಹಸ್ಥರನ್ನೂ ಅವರ ಕೈಯ ಗಡಿಯಾರವನ್ನೂ ಒಂದು ಸಲ ನೋಡಿದಳು. "ಹಾಡ್ಲಕ್ಕು. ನಿಂತ್ಕಂಡ್ರೆ ಹಾಡು ಬತ್ತಿಲ್ಲೆ. ಎಲ್ಲಾ ಕುಳ್ಳಕ್ಕು" ಎಂದಳು.

ಎಲ್ಲರೂ ಕೂತರು. ಹಸೆ ಹಾಡುಗಳಲ್ಲಿ ಒಂದು ಅನುಕೂಲವಿದೆ. ಮದುಮಗ ಬರುವುದು ತಡವಾದಷ್ಟೂ ಅವು ಉದ್ದವಾಗುತ್ತವೆ. ಆಯಿ ಅವತ್ತು ಮದುಮಗನನ್ನು ಮನೆಯಿಂದ ಹೊರಡಿಸಿ, ಹೊಳೆ ದಾಟಿಸಿ, ಊರೂರಿನಲ್ಲಿ ಬಾಯಾರಿಕೆಗೆ ಆಸರಿಗೆ ಕುಡಿಸಿ, ಚಪ್ಪರದ ಬಾಗಿಲಿಗೆ ತರುವಷ್ಟರಲ್ಲಿ ಗಂಗಾ ಎರಡನೆಯ ಸಲ ಚಹಾ ಮಾಡಿದ್ದಳು. ಹುಡುಗನ ಅಮ್ಮನ ಕಣ್ಣು ಒದ್ದೆಯಾಗಿತ್ತು. ಹುಡುಗನ ಅಪ್ಪ ಗಡಿಯಾರವಿದ್ದ ಕೈಯಿಂದಲೇ ತೊಡೆ ತಟ್ಟುತ್ತಿದ್ದರು.

ಆಗ ಅಂಗಳದಲ್ಲಿ ಹಾಲಿನ ವ್ಯಾನೊಂದು ಬಂದು ನಿಂತಿತು. ಮುಂದಿನ ಸೀಟಿನಿಂದ ಭಾವ, ಹಿಂದಿನಿಂದ ಕ್ಯಾನುಗಳನ್ನು ಸರಿಸಿಕೊಂಡು ಅಕ್ಕ ಮತ್ತು ವೀಣಾ ಇಳಿದರು. ಹುಡುಗಿಯ ಮುಡಿ ಗಾಳಿಗೆ ಕೆದರಿ, ಮಲ್ಲಿಗೆ ದಂಡೆ ಕಿವಿಯ ಮೇಲೆ ಜೋತಿತ್ತು. ಹೊತ್ತು ಮೀರಿದ್ದರಿಂದ ಬಂದವರು ಹೋಗಿಯೇ ಇರುತ್ತಾರೆ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿದ್ದಳಂತೆ. ಒಳಗೆ ಅಜ್ಜಿಯ ಹಾಡು ಕೇಳಿ, ಯಾರು ಕೂತಿದ್ದಾರೆಂದೂ ನೋಡದೆ, ಹೊಸಿಲ ಮೇಲೇ ಕುಸಿದು ಕೂತು ಎರಡನೆಯ ದನಿ ಕೂಡಿಸಿದಳು. ಚಿಕ್ಕಂದಿನಿಂದ ಅಜ್ಜಿಯ ಜೊತೆ ಹಾಡಿ ಅಭ್ಯಾಸ. ನುಡಿ ಮುಗಿದ ಮೇಲೆ ತಲೆ ಎತ್ತಿದರೆ ಎದುರಿಗೆ ಹುಡುಗ! "ಅಯ್ಯಬ್ಬಾ, ಇವರೆಲ್ಲ ಇದ್ದ!" ಎಂದು ಎದ್ದು ಒಳಗೆ ಓಡಿದಳು. ಅಷ್ಟೊತ್ತು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ ಹುಡುಗ ಗಟ್ಟಿಯಾಗಿ ನಕ್ಕುಬಿಟ್ಟ. ಹುಡುಗಿ ನೋಡುವ ಶಾಸ್ತ್ರ ಅಲ್ಲಿಗೆ ಮುಗಿದಿತ್ತು; ಉಳಿದದ್ದು ಲೋಕಾರೂಢಿ.

ಭಾವ ಮಾತ್ರ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದರು. "ಮಂಚಿಕೇರಿ ಹತ್ರ ಬಸ್ಸು ಕೆಟ್ಟು ನಿಂತಿದ್ದು, ಆನು ಫೋನ್ ಮಾಡ್ತಾ ಮಾಡ್ತಾ ಬೆರಳು ಸವೆದೋತು. ಕಡೀಗೆ ಕಟ್ ಬೇರೆ ಮಾಡ್ದೆ! ಫೋನ್ ಎಂತಕ್ಕೆ ಇಟ್ಕಂಡಿದ್ಯೋ ನೀನು? ತೂಕಕ್ಕಾ?" ನಾನು ಏನೂ ಅರ್ಥವಾಗದೆ ಫೋನು ಕೈಯಲ್ಲಿ ಹಿಡಿದು, "ಎಲ್ಲಿ, ಈಗೊಂದ್ಸಲ ಮಾಡಿ ಭಾವ" ಎಂದೆ. ಅವರು ಮಾಡಿದರು. ಪರದೆ ಬೆಳಗಿತು. ಇಬ್ಬರೂ ಕಿವಿಗೊಟ್ಟು ನಿಂತೆವು. ಏನೂ ಇಲ್ಲ. ಇನ್ನೂ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ ಆಯಿ, "ಎಂತ, ಇದು ಶುರುವಾತಾ?" ಎಂದಳು. ಆಗ ನನ್ನ ತಲೆಯೊಳಗೆ ಬೆಳಕಾಯಿತು. ಭಾವ ನನ್ನನ್ನು ಬೈಯಲು ಬಾಯಿ ತೆರೆದವರು ಬೈಯಲಾಗದೆ ತುಳಸಿಕಟ್ಟೆ ಹಿಡಿದುಕೊಂಡು ನಕ್ಕರು.

ಮದುವೆ ನಿಶ್ಚಯವಾದ ಮೇಲೆ ಮೊಬೈಲ್ ಅಂಗಡಿಗೆ ಹೋಗಿ ಮೌನವನ್ನೂ ಆ ಪ್ರಶ್ನೆಯನ್ನೂ ಕತ್ತರಿಸಿಕೊಂಡು ಬಂದೆ. ಈಗ ಫೋನು ಬಂದರೆ ನೇರವಾಗಿ ಹಾಡೇ ಕೇಳುತ್ತದೆ. ನನ್ನ ಸಮಸ್ಯೆ ಬಗೆಹರಿಯಿತು, ಆಯಿಯದು ಶುರುವಾಯಿತು. ಮೊದಲ ಸಲ ತನ್ನ ಹಾಡು ಕೇಳಿದಾಗ ಆಯಿ ಒಳಗಿನಿಂದ ಬಂದು ಬೆಂಚಿನ ಮೇಲೆ ಕೂತಳು. ನಾನು ಎಂದಿನಂತೆ ಎತ್ತಿ ಹಲೋ ಎಂದೆ. "ಮದುಮಗ ಇನ್ನೂ ಮನೆ ಮುಂದಿನ ದಣಪೆನೂ ದಾಟಿದ್ನಿಲ್ಲೆ, ಅಷ್ಟರಲ್ಲೇ ಯನ್ನ ಬಾಯಿ ಮುಚ್ಚಿಸ್ದೆ! ಹಸೆ ಹಾಡು ಅರ್ಧಕ್ಕೆ ನಿಲ್ಲಸಲಾಗ" ಎಂದು ಮುನಿದಳು. ಅಂದಿನಿಂದ ಅವಳು ಮನೆಯಲ್ಲಿದ್ದಾಗ ಫೋನು ಬಂದರೆ ನಾನು ಎತ್ತುವ ಹಾಗಿಲ್ಲ. ಭಾವನ ಫೋನು ಬಂದರೂ ಕೈಕಟ್ಟಿ ನಿಂತು ಹಾಡು ಕೇಳಿ, ಆಮೇಲೆ ನಾನೇ ತಿರುಗಿ ಮಾಡಿ ಬೈಸಿಕೊಳ್ಳಬೇಕು.

ಇದನ್ನೆಲ್ಲ ನೋಡಿದ ಗಂಗಾ ಒಂದು ದಿನ, "ಅಲ್ದಾ, ಹಾಡು ಫೋನಲ್ಲೇ ಇದ್ದಲಿ. ಸುಮ್ನೆ ಹಾಕಿ ಅತ್ತೆಗೆ ಕೇಳ್ಸಲಾಗ್ತಿಲ್ಯಾ?" ಎಂದಳು. ನನಗೆ ಅದು ಹೊಳೆದೇ ಇರಲಿಲ್ಲ. ಕೂಡಲೇ ಹಾಕಿ ಕೇಳಿಸಿದೆ. ಆಯಿ ಕೇಳಿ ತಲೆ ಅಲ್ಲಾಡಿಸಿದಳು. "ಇದು ಬ್ಯಾಡ. ಯಾರಾದ್ರೂ ಕರೆದ್ರೆ ಹಾಡವು. ಯಾರೂ ಕರೆಯದ್ದೆ ಹಾಡಿದ್ರೆ ಮರ್ಯಾದೆ ಅಲ್ಲ."

ಹಾಗಾಗಿ ಈಗ ಯಾರ ಫೋನೂ ಬಾರದ ದಿನ ಸಂಜೆ, ಹಜಾರದ ಲ್ಯಾಂಡ್‌ಲೈನಿನಿಂದ ನಾನೇ ನನ್ನ ಮೊಬೈಲಿಗೆ ಫೋನ್ ಹಚ್ಚುತ್ತೇನೆ. ಆಯಿ ಬೆಂಚಿನ ಮೇಲೆ ಕೂತು ಕೇಳುತ್ತಾಳೆ. ಮೊನ್ನೆ ಹೀಗೆಯೇ ರಿಸೀವರನ್ನು ಕಿವಿಗೆ ಹಿಡಿದು ನಿಂತಿದ್ದಾಗ, ಶಾಲೆಯ ಉತ್ತರಪತ್ರಿಕೆಗಳ ಯೋಚನೆಯಲ್ಲಿ ಮೈಮರೆತು, ಇನ್ನೊಂದು ಕೈಯಿಂದ ಮೊಬೈಲನ್ನು ಎತ್ತಿ, "ಹಲೋ, ಯಾರು ಮಾತಾಡೋದು?" ಎಂದೆ. ರಿಸೀವರಿನೊಳಗಿನಿಂದ ಗಂಡಸೊಬ್ಬ ನನ್ನದೇ ದರ್ಪದಲ್ಲಿ, "ಹಲೋ, ಯಾರು ಮಾತಾಡೋದು?" ಎಂದು ಕೇಳಿದ. ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ.