ಗಂಜಿ ಹಾಕಿದ ಕೆನ್ನೆ

ಗಡ್ಡ ಬೋಳಿಸಿಕೊಳ್ಳುವುದಕ್ಕೆ ವಿಶ್ವವಿದ್ಯಾಲಯದ ಪದವಿ ಬೇಕಿಲ್ಲ. ನನ್ನ ಬಳಿ ಎರಡಿವೆ. ಹಾಗಾಗಿ, ಹದಿನೈದು ವರ್ಷ ನಿಯತ್ತಾಗಿ ದುಡಿದ ಕರೆಂಟಿನ ಟ್ರಿಮ್ಮರನ್ನು ಸಕಲ ಗೌರವಗಳೊಂದಿಗೆ ನಿವೃತ್ತಿಗೊಳಿಸಿ, ದೊಡ್ಡಬಳ್ಳಾಪುರದ ಪೇಟೆಯಿಂದ ಒಂದು ಬ್ರಷ್ಷು, ಒಂದು ದುಂಡು ಸೋಪು, ಹಿಡಿ ತಿರುಗಿಸಿ ಬ್ಲೇಡು ಹಾಕುವ ಹಳೇ ಮಾದರಿಯ ಒಂದು ರೇಜರು ತಂದು ಮೇಜಿನ ಮೇಲೆ ಜೋಡಿಸಿದಾಗ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ.

"ಇದೆಲ್ಲ ಯಾಕ್ರೀ ಈ ವಯಸ್ಸಲ್ಲಿ?" ಎಂದಳು ನನ್ನ ಹೆಂಡತಿ ಗಿರಿಜೆ.

"ಸಂಶೋಧನೆ" ಎಂದೆ.

ನಿಜ ಹೇಳಬೇಕೆಂದರೆ, ಅಪ್ಪನಿಗಾಗಿ. ಅಪ್ಪ ಹೋಗಿ ನಲವತ್ತೈದು ವರ್ಷದ ಮೇಲಾಯಿತು. ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಗೋಡೆಯ ಮೇಲೊಂದು ಫೋಟೋ ಇದೆ. ಆದರೆ ಸ್ಟುಡಿಯೋದವನು ಅದಕ್ಕೆ ಬಣ್ಣ ತುಂಬುವ ಉತ್ಸಾಹದಲ್ಲಿ ಮೀಸೆಯನ್ನೂ ತಾನೇ ಬರೆದಿದ್ದಾನೆ. ಅದನ್ನು ಸಾಕ್ಷ್ಯವೆಂದು ಒಪ್ಪುವಂತಿಲ್ಲ. ನನ್ನ ಪಾಲಿಗೆ ಉಳಿದಿರುವ ಅಪ್ಪ ಎಂದರೆ ಒಂದೇ ಒಂದು ಕ್ಷಣ. ಭಾನುವಾರದ ಬೆಳಗ್ಗೆ, ಮಗ್ಗಕ್ಕೆ ರಜ. ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಅಪ್ಪ ಗಡ್ಡ ಬೋಳಿಸಿಕೊಳ್ಳುತ್ತಾರೆ. ಆಮೇಲೆ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನ ಕೆನ್ನೆಗೆ ತಮ್ಮ ಕೆನ್ನೆ ಒತ್ತುತ್ತಾರೆ. ತಂಪು. ಬಾವಿ ನೀರಿನಂಥ ತಂಪು. ಅವರ ಕಿವಿಯ ಬಳಿ ಬಿಳಿಯದೇನೋ ಅಂಟಿಕೊಂಡಿದೆ.

ಅಷ್ಟೇ. ಮುಂದಿನದಿಲ್ಲ, ಹಿಂದಿನದೂ ಇಲ್ಲ. ಈಚೀಚೆಗೆ ಅದರ ಮೇಲೂ ನನಗೆ ಅನುಮಾನ ಶುರುವಾಗಿತ್ತು. ಇದು ನಿಜವಾಗಿ ನಡೆದದ್ದೋ, ಅಥವಾ ಯಾವುದೋ ಸೋಪಿನ ಜಾಹೀರಾತು ನೋಡಿ ನಾನೇ ಕಟ್ಟಿಕೊಂಡದ್ದೋ? ಪರೀಕ್ಷಿಸಲು ಒಂದೇ ದಾರಿ. ಅಪ್ಪನ ಹಾಗೆಯೇ ಬೋಳಿಸಿಕೊಂಡು, ಆ ತಂಪು ಬರುತ್ತದೋ ಇಲ್ಲವೋ ನೋಡುವುದು.

ಬಂದದ್ದು ಬೆಂಕಿ!

ಮೊದಲ ದಿನ ಕುತ್ತಿಗೆ ಉರಿಯಿತು. ನಾನು ಧೃತಿಗೆಡದೆ ಪ್ರಯೋಗವನ್ನು ಶಾಸ್ತ್ರೀಯಗೊಳಿಸಿದೆ. ಎಡಗೆನ್ನೆಯನ್ನು ಮೇಲಿನಿಂದ ಕೆಳಕ್ಕೆ, ಬಲಗೆನ್ನೆಯನ್ನು ಕೆಳಗಿನಿಂದ ಮೇಲಕ್ಕೆ. ಎಡಗೆನ್ನೆಗೆ ಬಿಸಿನೀರು, ಬಲಗೆನ್ನೆಗೆ ತಣ್ಣೀರು. ನಾಲ್ಕನೆಯ ದಿನದ ಹೊತ್ತಿಗೆ ನನ್ನ ಎರಡು ಕೆನ್ನೆಗಳು ಇಬ್ಬರು ಬೇರೆ ಬೇರೆ ಮನುಷ್ಯರಿಗೆ ಸೇರಿದಂತೆ ಕಾಣತೊಡಗಿದವು. ಇಬ್ಬರೂ ರೋಗಿಗಳು.

"ಏನ್ರೀ ಇದು! ಸೊಳ್ಳೆಗಳು ಸಂಸಾರ ಸಮೇತ ಬಂದು ಊಟ ಮಾಡ್ಕೊಂಡು ಹೋದಂಗಿದೆ" ಎಂದಳು ಗಿರಿಜೆ. "ಭಾನುವಾರ ವಿಜಯಪುರದಲ್ಲಿ ಸೀಮಂತ ಇದೆ, ಗ್ಯಾನ ಇದೆಯಾ? ನೀವು ಸೋದರಮಾವ. ಈ ಮುಖ ಎತ್ಕೊಂಡು ಬೀಗರ ಮುಂದೆ ಕೂತ್ಕೋತೀರಾ?"

ಸೀಮಂತ, ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿರುವ ನನ್ನ ತಂಗಿ ಸುಧಾಳ ಮಗಳದು. ಹಸಿರು ಸೀರೆ ಕೊಟ್ಟು ನಗುನಗುತ್ತಾ ಹರಸುವುದು ಸೋದರಮಾವನ ಕೆಲಸ. ಸೀರೆ ಸಿದ್ಧವಿತ್ತು. ಮುಖ ಇರಲಿಲ್ಲ.

ಬೀದಿಯ ಕೊನೆಯಲ್ಲಿ ಕಟಿಂಗ್ ಶಾಪ್ ಇಟ್ಟಿರುವ ಮುನಿರಾಜು ಹತ್ತಿರ ಹೋದೆ. ಅವನು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ.

"ಯಾರ್ ಸಾರ್ ಮಾಡಿದ್ದು ಇದು?"

"ನಾನೇ."

"ಶೇವಿಂಗ್ ಮಾಡಿಲ್ಲ ಸಾರ್ ನೀವು. ಉಳುಮೆ ಮಾಡಿದೀರ! ಕೂದಲು ಯಾವ ಕಡೆ ಮಲಗಿರ್ತದೋ ಆ ಕಡೆಗೇ ಎಳೀಬೇಕು. ಒಂದೇ ಸಲ. ಒತ್ತಬಾರ್ದು. ಈಗೊಂದು ವಾರ ಅದರ ಪಾಡಿಗೆ ಬಿಟ್ಬಿಡಿ, ಏನೂ ಮಾಡ್ಬೇಡಿ."

ಮಾತು ಮುಗಿಸಿ ಒಂದು ಪಟಿಕದ ಕಲ್ಲನ್ನು ನೀರಲ್ಲಿ ಅದ್ದಿ ಕೆನ್ನೆಗೆ ಉಜ್ಜಿದ. ಕಣ್ಣಲ್ಲಿ ನೀರು ಬಂತು. ಅದು ಗಾಜಿನಂಥ ಕಲ್ಲು, ಅದರ ಗುರುತು ಕೆನ್ನೆಯ ಮೇಲೆ ಕಾಣುವುದೇ ಇಲ್ಲ. ಅಪ್ಪನ ಕಿವಿಯ ಬಳಿ ಇದ್ದದ್ದು ಬಿಳಿಯದು. ಇದಲ್ಲ.

ಏನೂ ಮಾಡಬೇಡಿ ಎಂದು ಮುನಿರಾಜು ಹೇಳಿದ್ದು ಅತ್ಯುತ್ತಮ ಸಲಹೆ. ಓದಿದವನಾದ್ದರಿಂದ ನಾನು ಅದನ್ನು ಪಾಲಿಸಲಿಲ್ಲ.

ಶನಿವಾರ ಸಂಜೆ ಕೂತು ತರ್ಕ ಹೂಡಿದೆ. ಆ ವಸ್ತು ಬಿಳಿ. ತಂಪು. ಮನೆಯಲ್ಲೇ ಇದ್ದದ್ದು. ನೇಕಾರನ ಮನೆಯಲ್ಲಿ ಬಿಳಿಯಾಗಿ, ತಂಪಾಗಿ, ಯಾವಾಗಲೂ ಇರುವುದು ಏನು? ಎದ್ದು ನಿಂತುಬಿಟ್ಟೆ. ಗಂಜಿ! ಆಗ ನಮ್ಮದು ಕೈಮಗ್ಗ, ಹತ್ತಿ ಸೀರೆ. ಬೀದಿಯುದ್ದಕ್ಕೂ ನೂಲನ್ನು ಎಳೆದು ಕಟ್ಟಿ, ಎಳೆ ತುಂಡಾಗದಿರಲೆಂದು ಕುಂಚದಲ್ಲಿ ಸಬ್ಬಕ್ಕಿ ಗಂಜಿ ಬಳಿಯುತ್ತಿದ್ದರು. ನೂಲಿಗೆ ಬಳಿದು ಮಿಕ್ಕಿದ್ದನ್ನು ಅಪ್ಪ ಕೆನ್ನೆಗೆ ಬಳಿದುಕೊಳ್ಳುತ್ತಿದ್ದರು! ಇಷ್ಟು ಸರಳವಾದ ಸತ್ಯಕ್ಕೆ ನನಗೆ ಐವತ್ನಾಲ್ಕು ವರ್ಷ ಬೇಕಾಯಿತಲ್ಲ ಎಂದು ಗದ್ಗದಿತನಾದೆ.

ಭಾನುವಾರ ಬೆಳಗ್ಗೆ ಗಿರಿಜೆ ಸ್ನಾನಕ್ಕೆ ಹೋದ ಸಮಯ ಸಾಧಿಸಿ ಸಬ್ಬಕ್ಕಿ ಬೇಯಿಸಿದೆ. ಅರೆದೆ, ಸೋಸಿದೆ, ನೂಲಿಗೆ ಹಾಕುವ ಹಾಗೆಯೇ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಆರಿಸಿದೆ. ಬೋಳಿಸಿಕೊಂಡ ಕೆನ್ನೆಗೆ ಧಾರಾಳವಾಗಿ ಬಳಿದುಕೊಂಡೆ.

ಆಹಾ! ತಂಪು!

ಕಣ್ಣು ಮುಚ್ಚಿದೆ. ಜಗಲಿ ಕಂಡಿತು. ಕನ್ನಡಿ ಕಂಡಿತು. ಕನ್ನಡಿಯಲ್ಲಿ ಇನ್ನೇನು ಒಂದು ಮುಖ ಕಾಣಬೇಕು, ಅಷ್ಟರಲ್ಲಿ "ರೀ, ಬಸ್ ಹೋಗ್ಬಿಡ್ತದೆ!" ಎಂದು ಕೂಗು ಬಂತು. ತೊಳೆಯಲೇ ಎಂದು ಒಂದು ಕ್ಷಣ ಯೋಚಿಸಿದೆ. ಅಪ್ಪ ತೊಳೆದುಕೊಳ್ಳುತ್ತಿದ್ದ ನೆನಪಿಲ್ಲ. ತೊಳೆಯಲಿಲ್ಲ.

"ಪರವಾಗಿಲ್ವೇ! ಮುಖ ಮಿಂಚ್ತಾ ಇದೆ" ಎಂದಳು ಗಿರಿಜೆ. ಹೆಮ್ಮೆಯಿಂದ ಬಸ್ಸಿನ ಕಿಟಕಿ ಪಕ್ಕ ಕೂತೆ.

ಗಂಜಿಯ ಗುಣ ನೇಕಾರರ ಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಗಾಳಿಗೆ ಒಣಗಿದರೆ ಸೆಟೆಯುತ್ತದೆ. ದೇವನಹಳ್ಳಿ ದಾಟುವಾಗ ಹುಬ್ಬೇರಿಸಲು ನೋಡಿದೆ, ಕಷ್ಟವಾಯಿತು. ಕಂಡಕ್ಟರು ಚಿಲ್ಲರೆ ಕೇಳಿದಾಗ ಬಾಯಿ ಅರ್ಧ ಇಂಚು ತೆರೆಯಿತು. ವಿಜಯಪುರದಲ್ಲಿ ಇಳಿಯುವ ಹೊತ್ತಿಗೆ ನನ್ನ ಮುಖ, ಇಸ್ತ್ರಿ ಮಾಡಿ ಮಡಚಿಟ್ಟ ಪಂಚೆ!

ಬಾಗಿಲಲ್ಲೇ ತಂಗಿ ಸುಧಾ ಎದುರಾದಳು. "ಬಾ ಅಣ್ಣ! ಯಾಕೆ ಇಷ್ಟೊತ್ತು?"

ನಗಲು ಹೋದೆ. ಏನೂ ಆಗಲಿಲ್ಲ. "ಹೂಂ" ಎಂದೆ.

ಅವಳ ಮುಖ ಸಣ್ಣದಾಯಿತು. ಒಳಗೆ ಹೋಗಿ ಗಂಡನಿಗೆ ಏನೋ ಹೇಳಿದಳು. ಅವನು ಓಡಿಬಂದು, "ಭಾವ, ಪತ್ರಿಕೆ ನಾನೇ ಖುದ್ದು ಬಂದು ಕೊಡ್ಬೇಕಿತ್ತು. ಫೋನಲ್ಲಿ ಹೇಳಿದ್ದು ತಪ್ಪಾಯ್ತು. ಮನಸ್ಸಲ್ಲಿ ಇಟ್ಕೋಬೇಡಿ" ಎಂದ.

ಅಂಥದ್ದೇನಿಲ್ಲ ಎಂದು ನಗುತ್ತ ಹೇಳಬೇಕಾದ ಮಾತನ್ನು ನಾನು ನ್ಯಾಯಾಧೀಶರು ತೀರ್ಪು ಓದುವಂತೆ ಹೇಳಿದೆ. ಅವನು ಇನ್ನಷ್ಟು ಹೆದರಿದ. ಐದು ನಿಮಿಷದಲ್ಲಿ ಸುದ್ದಿ ಮನೆಯೆಲ್ಲ ಹಬ್ಬಿತು: ಸೋದರಮಾವ ಮುನಿಸಿಕೊಂಡಿದ್ದಾರೆ! ಹೊಸಕೋಟೆಯಿಂದ ಬಂದಿದ್ದ ಬೀಗರು ಎದ್ದು ಬಂದು ಕೈ ಮುಗಿದರು. "ತಮ್ಮನ್ನ ನಾವೇ ಮೊದ್ಲು ಮಾತಾಡಿಸ್ಬೇಕಿತ್ತು ಸ್ವಾಮಿ" ಎಂದರು. ಹೊಸ ಟವಲ್ಲು ಹೊದಿಸಿದರು. ಮರ್ಯಾದೆ ಹೆಚ್ಚಿದಷ್ಟೂ ನನಗೆ ನಗು ಬರುತ್ತಿತ್ತು, ನಗು ಬಂದಷ್ಟೂ ಮುಖ ಬಿಗಿಯುತ್ತಿತ್ತು. ಸೀರೆ ಕೊಡುವಾಗ ಆ ಬಸುರಿ ಹುಡುಗಿ ನನ್ನ ಮುಖ ನೋಡಿ ಅಳುವುದೊಂದು ಬಾಕಿ.

ಊಟಕ್ಕೆ ಕೂತಾಗ ಗಿರಿಜೆ ಪಕ್ಕದಿಂದ ತಿವಿದಳು. "ಎಲ್ರೂ ನನ್ನೇ ಬೈತಾವ್ರೆ, ದಾರೀಲಿ ನಾನೇ ಏನೋ ಅಂದಿದೀನಂತೆ! ಒಂದ್ಸಲ ನಗ್ರೀ!"

ಸರ್ವಶಕ್ತಿಯನ್ನೂ ಒಟ್ಟುಗೂಡಿಸಿ ನಕ್ಕೆ. ಚಟ್ ಎಂದಿತು. ಬಲಗೆನ್ನೆಯಿಂದ ಒಂದು ಹಪ್ಪಳ ಎದ್ದು ಪಾಯಸಕ್ಕೆ ಬಿತ್ತು. ಸಬ್ಬಕ್ಕಿ ಪಾಯಸ. ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಒಬ್ಬರಿಗೇ. ಎದುರು ಸಾಲಿನಲ್ಲಿದ್ದ ನಂಜಮ್ಮತ್ತೆ, ಅಪ್ಪನ ತಂಗಿ, ಎಂಬತ್ತು ದಾಟಿದವರು. ಕೈ ತೊಳೆದ ಮೇಲೆ ನನ್ನನ್ನು ಹಿತ್ತಲಿಗೆ ಕರೆದು, ಕೆನ್ನೆಯನ್ನು ಉಗುರಿನಲ್ಲಿ ಕೆರೆದು, ಬೆರಳಲ್ಲಿ ತಿಕ್ಕಿ ನೋಡಿದರು.

"ಏನ್ಲಾ ಇದು, ಗಂಜಿ! ಎಣ್ಣೆ ಕಮ್ಮಿ ಹಾಕಿದೀಯ. ಅದಕ್ಕೇ ಬಿರುಕು ಬಿಟ್ಟದೆ."

ಎಲ್ಲವನ್ನೂ ಹೇಳಿದೆ, ತೆರೆದಷ್ಟು ಬಾಯಿಯಲ್ಲಿ. ಜಗಲಿ, ಕನ್ನಡಿ, ತಂಪು. "ಅಪ್ಪ ಹಚ್ಕೋತಿದ್ದದ್ದು ಗಂಜಿ ತಾನೇ ಅತ್ತೆ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿದರು.

"ನಿಮ್ಮಪ್ಪ ಏನೂ ಹಚ್ಕೋತಿರ್ಲಿಲ್ಲ ಕಣೋ. ಕಿವಿ ಹತ್ರ ಬಿಳೀದು ಇದ್ರೆ ಸೋಪಿನ ನೊರೆ ಇರಬೇಕು, ಅವನು ನೆಟ್ಟಗೆ ಮುಖ ತೊಳ್ಕೊಂಡೋನೇ ಅಲ್ಲ. ಅವನಿಗೂ ಹಿಂಗೇ ಗುಳ್ಳೆ ಏಳೋವು. ಮುಖ ಕೆಂಡ ಆಗೋದು. ಉರಿ ತಡೀದೆ ಒದ್ದಾಡೋನು. ಅಷ್ಟೊತ್ತಿಗೆ ಸರ್ಯಾಗಿ ನಿನಗೆ ಬಾವಿಕಟ್ಟೇಲಿ ನೀರು ಹಾಕಿ ಬಿಡೋರು. ಐಸ್ ಇದ್ದಂಗೆ ಬರ್ತಿದ್ದೆ. ಹಿಡ್ಕೊಂಡು ನಿನ್ನ ಕೆನ್ನೆ ಒತ್ಕೊಳ್ಳೋನು. 'ಅಬ್ಬ, ಈಗ ಸರಿಹೋಯ್ತು' ಅನ್ನೋನು."

ಹಾಗಾದರೆ ತಂಪಾಗಿದ್ದದ್ದು ಅಪ್ಪನ ಕೆನ್ನೆಯಲ್ಲ, ನನ್ನದು. ಇಷ್ಟು ವರ್ಷ ಅಪ್ಪನದೆಂದು ಜೋಪಾನ ಮಾಡಿಟ್ಟುಕೊಂಡದ್ದು ನನ್ನ ತಂಪನ್ನೇ. ಅವರದಾಗಿ ನನಗೆ ಸಿಕ್ಕಿದ್ದ ಉರಿಯನ್ನು ಪೂರ್ತಿ ಮರೆತುಬಿಟ್ಟಿದ್ದೆ.

"ನಾನೂ ಒತ್ಕೊಂಡು ನಿಂತಿರ್ತಿದ್ನಾ ಅತ್ತೆ?" ಎಂದೆ ಆಸೆಯಿಂದ.

"ನೀನಾ? ಚುಚ್ತದೆ ಅಂತ ಬೀದಿಗೆಲ್ಲ ಕೇಳೋ ಹಂಗೆ ಕಿರುಚ್ಕೊಂಡು ಓಡೋಗ್ತಿದ್ದೆ!"

ಅತ್ತೆಯ ಮಾತನ್ನು ಪೂರ್ತಿ ನಂಬಬಹುದೇ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಬೆಳಗ್ಗೆಯಿಂದ ಅವರು ಎರಡು ಸಲ, ಇದು ಯಾರ ಸೀಮಂತ ಎಂದು ವಿಚಾರಿಸಿದ್ದರಂತೆ. ಆ ಬಾವಿಕಟ್ಟೆ ಈಗಿಲ್ಲ. ಕೇಳೋಣವೆಂದರೆ ಅಮ್ಮನೂ ಇಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತ ಪ್ರಕಾರ ಒಬ್ಬರ ಸಾಕ್ಷ್ಯ ಸಾಲದು. ಆದರೂ, 'ಅಬ್ಬ, ಈಗ ಸರಿಹೋಯ್ತು' ಎಂಬ ಆ ಮಾತನ್ನು ಅತ್ತೆ ಹೇಳಿದ ದನಿ ಅತ್ತೆಯದಾಗಿರಲಿಲ್ಲ. ಎಲ್ಲೋ ಕೇಳಿದ ದನಿ. ಅಥವಾ ಹಾಗೆಂದು ಅನ್ನಿಸುವುದು ನನಗೆ ಬೇಕಾಗಿತ್ತೋ ಏನೋ.

ಗಂಜಿ ಬಿಡಿಸಲು ಬಿಸಿನೀರಿನ ಬಟ್ಟೆ ಇಟ್ಟುಕೊಂಡು ಎರಡು ಗಂಟೆ ಕೂರಬೇಕಾಯಿತು. ಅದು ಬಿಡುವಾಗ ಮೇಲಿನ ಚರ್ಮವನ್ನೂ ಸ್ವಲ್ಪ ಜೊತೆಗೆ ಕರೆದುಕೊಂಡು ಹೋಯಿತು. ಆಮೇಲೆ ಎರಡು ವಾರ ಮುನಿರಾಜು ಹೇಳಿದಂತೆ ನಡೆದೆ.

ಮೂರನೆಯ ಭಾನುವಾರ ಮತ್ತೆ ರೇಜರು ಹಿಡಿದೆ. ಕೂದಲು ಮಲಗಿದ ಕಡೆಗೇ ಎಳೆದೆ, ಒಂದೇ ಸಲ, ಒತ್ತದೆ. ಆದರೂ ಉರಿಯಿತು. ಈ ಸಲ ಆ ಉರಿಯ ಮೇಲೆ ನನಗೆ ಅಷ್ಟು ಕೋಪ ಬರಲಿಲ್ಲ. ಒತ್ತಿಕೊಳ್ಳಲು ತಂಪಾದದ್ದೇನಾದರೂ ಇದೆಯೇ ಎಂದು ಮನೆಯೆಲ್ಲ ಹುಡುಕಿ, ಕೊನೆಗೆ ಅಡುಗೆಮನೆಯ ಫ್ರಿಜ್ಜಿನ ಬಾಗಿಲು ತೆಗೆದು, ಒಳಗಿನ ಗೋಡೆಗೆ ಕೆನ್ನೆಯಿಟ್ಟು ನಿಂತೆ. ಅದು ಕಿರುಚಲಿಲ್ಲ, ಓಡಿಹೋಗಲೂ ಇಲ್ಲ. ಕಣ್ಣು ಮುಚ್ಚಿ, "ಅಬ್ಬ, ಈಗ ಸರಿಹೋಯ್ತು" ಎಂದು ಮೆಲ್ಲಗೆ ಅಂದು ನೋಡಿದೆ.

ಹಿಂದೆ ಗಿರಿಜೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಸರಿಹೋಗಿದ್ರೆ ಸ್ವಲ್ಪ ಸರೀರಿ" ಎಂದಳು. "ಕೊತ್ತಂಬರಿ ಸೊಪ್ಪು ತಗೋಬೇಕು."

ಸರಿದೆ.