ಟಕ್ ಅನ್ನದ ಕ್ಯಾಮೆರಾ

ಮದುವೆ ಮನೆಯಲ್ಲಿ ಬೀಗರು ಜಗಳ ಆಡದೇ ಇರಬಹುದು, ಆದರೆ ಫೋಟೊದವನಿಗೆ ಏನಾದರೊಂದು ಆಗದೆ ಊಟದೆಲೆ ಬೀಳುವುದಿಲ್ಲ. ಗುಂಡ್ಲುಪೇಟೆಯಲ್ಲಿ ಸ್ಟುಡಿಯೊ ಇಟ್ಟುಕೊಂಡು, ಇತ್ತ ಚಾಮರಾಜನಗರದ ತನಕ ಮದುವೆ, ನಾಮಕರಣ, ಗೃಹಪ್ರವೇಶ ಅಂತ ತಿರುಗುವ ನನಗೆ ಇದು ಮಾಮೂಲು. ಆದರೆ ಹಳೇ ಕ್ಯಾಮೆರಾ ಬಿಟ್ಟು ಬೇರೆ ಕಂಪನಿಯ ಹೊಸ ಮಾದರಿಗೆ ಹಾರಿದೆನಲ್ಲ, ಆಮೇಲೆ ಆದದ್ದು ಮಾಮೂಲಲ್ಲ.

ಹಳೇದಕ್ಕೆ ಏನಾಗಿತ್ತು?

ಮೊದಲ ಪರೀಕ್ಷೆ ಮನೆಯಲ್ಲೇ ನಡೆಯಿತು. ದೊಡ್ಡ ಲೆನ್ಸುಗಳನ್ನೆಲ್ಲ ಮೈಸೂರಿನಲ್ಲಿ ಮಾರಿ, ಮೇಲಿಷ್ಟು ಹಾಕಿ, ಹೊಸದನ್ನು ತಂದು ಟೇಬಲ್ ಮೇಲಿಟ್ಟೆ. ಹೆಂಡತಿ ಕೇಳಿದ್ದು ಒಂದೇ ಮಾತು: "ಹಳೇದಕ್ಕೆ ಏನಾಗಿತ್ತು?"

ಛತ್ರದ ಕತ್ತಲಲ್ಲೂ ಬೆಳಕು ಹಿಡಿಯುತ್ತದೆ, ಮದುಮಗಳು ತಲೆ ತಿರುಗಿಸಿದರೂ ಅವಳ ಕಣ್ಣಿನ ಮೇಲಿನ ಫೋಕಸ್ ತಪ್ಪುವುದಿಲ್ಲ ಅಂತೆಲ್ಲ ವಿವರಿಸಿದೆ. ಅವಳ ಮುಖ ಸಡಿಲವಾಗಲಿಲ್ಲ. ಕೊನೆಗೆ ಹೊಸದರಲ್ಲಿ ಒಂದು ಮದುವೆ ಮುಗಿಸಿ ಬಂದು, ಹಳೇದರಲ್ಲಿ ತೆಗೆದ ಒಂದು ಫೋಟೊ, ಹೊಸದರಲ್ಲಿ ತೆಗೆದ ಒಂದು ಫೋಟೊ ಪಕ್ಕಪಕ್ಕ ಇಟ್ಟೆ. "ಯಾವುದು ಹೊಸದು, ನೀನೇ ಹೇಳು."

ಎರಡನ್ನೂ ಚೆನ್ನಾಗಿ ನೋಡಿ ಬಲಗಡೆಯದನ್ನು ಮುಟ್ಟಿದಳು. ಸರಿಯಾಗಿತ್ತು! ಕುಣಿಯುವಷ್ಟು ಖುಷಿಯಾಯಿತು. "ಗೊತ್ತಾಯ್ತಲ್ಲ ವ್ಯತ್ಯಾಸ? ಹೆಂಗ್ ಕಂಡುಹಿಡಿದೆ?"

"ಈ ಸೀರೆ ಮೊನ್ನೆ ನೀವು ಹೋಗಿದ್ರಲ್ಲ, ಆ ಮದುವೇದು. ಹುಡುಗಿ ಅಮ್ಮ ಸ್ಟೇಟಸ್ ಹಾಕಿದ್ರು" ಅಂದಳು.

ಒತ್ತಪ್ಪ, ಒತ್ತು!

ಹೊಸ ಕ್ಯಾಮೆರಾ ಸದ್ದು ಮಾಡುವುದಿಲ್ಲ. ಇದು ಅದರ ದೊಡ್ಡಸ್ತಿಕೆ ಅಂತ ನಾನು ತಿಳಿದಿದ್ದೆ. ಚಾಮರಾಜನಗರದ ಒಂದು ಛತ್ರದಲ್ಲಿ, ಮುಂದಿನ ಸಾಲಿನಲ್ಲಿ ಕೂತಿದ್ದ ಮದುಮಗಳ ತಾತ ಅದನ್ನು ಒಪ್ಪಲಿಲ್ಲ.

"ಏನಪ್ಪ ಪೋಟೊದವ್ನೆ, ಆಗ್ಲಿಂದ ಕಣ್ಣಿಗೆ ಇಟ್ಕಂಡು ನೋಡ್ತಾನೇ ಇದ್ದೀಯಲ್ಲ! ನೋಡಕ್ಕೆ ನಾವಿಲ್ವಾ? ಒತ್ತಪ್ಪ, ಒತ್ತು!"

"ಒತ್ತುತಾ ಇದೀನಿ ತಾತ. ಇದು ಸದ್ದು ಮಾಡಲ್ಲ."

"ಸದ್ದೇ ಮಾಡ್ನಿಲ್ಲ ಅಂದ್ರೆ ಬಿದ್ದದ್ದು ಎಂಗ್ ಗೊತ್ತಾದದು?"

ಅಷ್ಟು ಸಾಕಾಯಿತು. ಹುಡುಗಿಯ ತಾಯಿಗೂ ಅನುಮಾನ ಬಂತು, ಸೋದರಮಾವನಿಗೂ ಬಂತು. ಅತ್ತ ತಾಳಿ ಹಿಡಿದು ನಿಂತ ಹುಡುಗನಿಗೂ ಬಂದುಬಿಟ್ಟಿತು. ಅವನು ಹುಡುಗಿಯ ಕತ್ತಿನ ಹಿಂದೆ ಕೈ ಹಾಗೇ ನಿಲ್ಲಿಸಿ ನನ್ನ ಮುಖವನ್ನೇ ನೋಡತೊಡಗಿದ. ಓಲಗದವರು ಊದಿ ಊದಿ ಕೆಂಪಾದರು. ಮಂತ್ರ ಹೇಳುತ್ತಿದ್ದವರು "ಮುಹೂರ್ತ ಮೀರ್ತದೆ, ಅದೇನು ಬೇಗ ನೋಡ್ರಪ್ಪ" ಅಂತ ನನ್ನನ್ನೇ ಗದರಿದರು. ಸದ್ದು ಹಾಕುವ ಗುಂಡಿ ಎಲ್ಲಿದೆಯೋ ಆ ಗಾಬರಿಯಲ್ಲಿ ಸಿಗಲಿಲ್ಲ. ಬೇರೆ ದಾರಿ ಕಾಣದೆ ನಾನೇ ಬಾಯಲ್ಲಿ ಜೋರಾಗಿ "ಟಕ್! ಟಕ್! ಟಕ್!" ಅಂದೆ.

ಹುಡುಗ ಗಂಟು ಹಾಕಿದ. ಅಕ್ಷತೆ ಬಿತ್ತು. ತಾತ ಪಕ್ಕದವರಿಗೆ ಹೇಳುತ್ತಿದ್ದರು: "ನೋಡ್ದಾ? ವಸಿ ಬೈದ್ಮೇಲೆ ಕ್ಯಾಮ್ರಾ ಎಂಗ್ ಕೆಲ್ಸ ಮಾಡ್ತು!"

ಹಸುವಿನ ರೆಪ್ಪೆ

ಈ ಕ್ಯಾಮೆರಾಕ್ಕೆ ಮನುಷ್ಯರ ಕಣ್ಣು ಹುಡುಕು ಅಂದರೆ ಮನುಷ್ಯರ ಕಣ್ಣು, ಪ್ರಾಣಿಗಳ ಕಣ್ಣು ಹುಡುಕು ಅಂದರೆ ಪ್ರಾಣಿಗಳ ಕಣ್ಣು. ಒಂದು ದಿನ ನಮ್ಮ ಕಾಡಂಚಿನ ಮದ್ದೂರು ಕಡೆ ರಸ್ತೆ ಪಕ್ಕ ಜಿಂಕೆ ತೆಗೆದಿದ್ದೆ. ಮಾರನೇ ದಿನ ಭೀಮನಬೀಡಿನಲ್ಲಿ ಗೃಹಪ್ರವೇಶ. ಜಿಂಕೆಯಿಂದ ಮನುಷ್ಯರಿಗೆ ಬದಲಾಯಿಸುವುದು ಮರೆತೇಹೋಯಿತು.

ಹಸು ಮುಂದೆ, ಯಜಮಾನರು ಮತ್ತು ಅವರ ಹೆಂಡತಿ ಹಿಂದೆ, ಹೊಸ ಬಾಗಿಲು ದಾಟುವ ಆ ಒಂದು ಗಳಿಗೆ. ಸ್ಟುಡಿಯೊದಲ್ಲಿ ನೋಡಿದರೆ ಹಸುವಿನ ರೆಪ್ಪೆಯ ಕೂದಲು ಒಂದೊಂದೂ ಎಣಿಸುವ ಹಾಗಿದೆ, ಗಂಡಹೆಂಡತಿ ಮಾತ್ರ ಮಂಜಿನಲ್ಲಿ ಹೋಗುತ್ತಿರುವವರ ಹಾಗಿದ್ದಾರೆ. ಇನ್ನೊಮ್ಮೆ ಮನೆ ಕಟ್ಟಿಸಿ ಅನ್ನುವುದಕ್ಕಾಗುತ್ತದೆಯೇ? ಬೈಸಿಕೊಳ್ಳಲು ತಯಾರಾಗಿಯೇ ಆಲ್ಬಂ ಹಿಡಿದು ಹೋದೆ.

ಯಜಮಾನರು ಆ ಪುಟಕ್ಕೆ ಬಂದು ನಿಂತರು. ಆಮೇಲೆ ಹೆಂಡತಿಯನ್ನು ಕೂಗಿದರು. "ಬಾ ಇಲ್ಲಿ, ಹಸ ಎಂಗ್ ಬಂದದೆ ನೋಡು! ಎಂಥಾ ಕಳೆ! ಇದ್ನೇ ದೊಡ್ದು ಮಾಡ್ಸಿ ಗೋಡೆಗೆ ಆಕನ."

ಆಕೆ ಬಗ್ಗಿ ನೋಡಿದರು. "ನಾವೇ ಸರ್ಯಾಗಿ ಕಾಣಕ್ಕಿಲ್ವಲ್ಲ?"

"ನಾವು ಇಲ್ಲೇ ಇರ್ತೀವಲ್ಲ, ಬುಡು. ಹಸ ಅಣ್ಣನ ಮನೇದು. ಅವತ್ತೇ ವಾಪಸ್ ಹೊಡ್ಕೊಂಡ್ ಹೋದ್ರು."

ಹೂವಿನ ಹೊಲದ ಗೆಳೆಯ

ಸೂರ್ಯಕಾಂತಿ ಅರಳುವ ಕಾಲಕ್ಕೆ ಊಟಿ ರಸ್ತೆಯ ಹೊಲಗಳಿಗೆ ಕೇರಳದಿಂದ ಜೋಡಿಗಳು ಫೋಟೊ ತೆಗೆಸಿಕೊಳ್ಳಲು ಬರುತ್ತವೆ. ಅವರ ಜೊತೆ ಬರುವ ವಯನಾಡಿನ ಫೋಟೊಗ್ರಾಫರ್ ಒಬ್ಬ ನನಗೆ ಹಳೇ ಗೆಳೆಯ. ಸಿಕ್ಕಾಗಲೆಲ್ಲ ಅವನ ಭಾಷೆಯಲ್ಲಿ ಅಣ್ಣಾ ಅಂತ ಕರೆದು ಒಂದೇ ರಾಗ: "ಚೇಟ್ಟಾ, ನಿಮ್ಮ ಕಂಪನಿ ಮುಗೀತು. ನಮ್ಮದಕ್ಕೆ ಬನ್ನಿ." ನಿಜ ಹೇಳಬೇಕೆಂದರೆ ನಾನು ಬದಲಾಯಿಸಿದ್ದೇ ಅವನ ಕಾಟಕ್ಕೆ. ಬದಲಾಯಿಸಿದ ಮೇಲೆ ಅವನಿಗೆ ಹೇಳಲಿಲ್ಲ. ಎದುರಿಗೇ ತೋರಿಸೋಣ ಅಂತ ಕಾದೆ.

ಹೂ ಅರಳಿತು. ಹೊಸ ಕ್ಯಾಮೆರಾ ಕತ್ತಿಗೆ ಹಾಕಿಕೊಂಡು ಹೊಲಕ್ಕಿಳಿದೆ. ಅವನು ನನ್ನನ್ನು ಕಂಡವನೇ ತನ್ನ ಕ್ಯಾಮೆರಾವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಎಳೆದು ನೋಡಿದರೆ ನನ್ನ ಹಳೇ ಕಂಪನಿಯದು!

"ಏನ್ ಮಾಡೋದು ಚೇಟ್ಟಾ, ನಿಮ್ಮ ಫೋಟೊ ನೋಡಿ ನೋಡಿ ಆಸೆ ಆಯ್ತು."

ಇಬ್ಬರೂ ಹೊಲದ ಬದುವಿನ ಮೇಲೆ ಕೂತು ನಕ್ಕೆವು. ಅವನ ಕ್ಯಾಮೆರಾ ಕೈಗೆ ತೆಗೆದುಕೊಂಡೆ. ಲೆನ್ಸಿನ ಸಂದಿಯಲ್ಲಿ ಅರಿಶಿನ. ಆಯುಧಪೂಜೆಯಲ್ಲಿ ನಾನೇ ಹಚ್ಚಿದ್ದು! ಮೈಸೂರಿನಲ್ಲಿ ನಾನು ಮಾರಿದ್ದ ಲೆನ್ಸೇ ಅದು. ನಾನು ಬಾಯಿ ತೆರೆಯುವ ಮೊದಲೇ ಅವನು ಅಭಿಮಾನದಿಂದ ಹೇಳಿದ: "ಸೆಕೆಂಡ್ ಹ್ಯಾಂಡ್ ಚೇಟ್ಟಾ. ಯಾರೋ ಮಗು ತರಹ ನೋಡ್ಕೊಂಡಿದಾನೆ. ಯಾಕ್ ಮಾರಿದ್ನೋ, ದಡ್ಡ!"

ಗೋಡೆಗೆ ಬೇಕಾದ ಮುಖ

ಚಂದಕವಾಡಿಯ ಒಬ್ಬರು ಅಜ್ಜಿ ತಾವೇ ಹೇಳಿಕಳಿಸಿದ್ದರು. "ನಾನು ಸತ್ತೋದ್ಮೇಲೆ ಗೋಡೆಗೆ ಆಕಕ್ಕೆ ಒಂದು ಪೋಟ ಬೇಕು ಕಣಪ್ಪ. ನಮ್ಮ ಅಕ್ಕಂಗೆ ಓಟಿನ ಕಾರ್ಡಿನ ಪೋಟನೇ ದೊಡ್ದು ಮಾಡಿ ಆಕವ್ರೆ. ಕಳ್ಳಿ ಸಿಕ್ಕಾಕಂಡಂಗೆ ಕಾಣ್ತಾಳೆ."

ರೇಷ್ಮೆ ಸೀರೆ ಉಟ್ಟು, ವಿಭೂತಿ ಇಟ್ಟು ಜಗುಲಿಯ ಮೇಲೆ ಕೂತರು. ಒಳ್ಳೆ ಬೆಳಕು, ಹೊಸ ಕ್ಯಾಮೆರಾ. ಮುಖದ ಒಂದೊಂದು ಗೆರೆಯೂ ಕೆತ್ತಿದ ಹಾಗೆ ಬಂತು. ನನ್ನ ಕೈಯಿಂದ ಅಂಥ ಫೋಟೊ ಬಂದಿರಲೇ ಇಲ್ಲ. ಹೆಮ್ಮೆಯಿಂದ ಕಟ್ಟು ಹಾಕಿಸಿ ಒಯ್ದು ಕೊಟ್ಟೆ.

ಅಜ್ಜಿ ನೋಡಿದವರೇ ಬೋರಲು ಹಾಕಿದರು. "ಇದ್ಯಾರ್ಲಾ?"

"ನೀವೇ ಅಜ್ಜಿ."

"ನಾನಲ್ಲ. ಇದು ನಮ್ಮತ್ತೆ!"

ಮಗ ಎತ್ತಿ ನೋಡಿ, "ಔದು ಕಣವ್ವ, ನಮ್ಮಜ್ಜಿನೇ ಕೂತಂಗದೆ" ಅಂದುಬಿಟ್ಟ.

ಅಜ್ಜಿಗೆ ರೇಗಿತು. "ಬದುಕಿರಗಂಟ ನಂಗೆ ಒಂದು ಲೋಟ ಕಾಫಿ ನೆಮ್ಮದಿಯಾಗಿ ಕುಡಿಯಕ್ ಬುಡ್ನಿಲ್ಲ ಆಯಮ್ಮ. ಈಗ ನಂಗೆ ಆಕೋ ಹಾರನೂ ಅವ್ಳಿಗೇ ಓಗ್ಬೇಕಾ?"

ಮಾರದೆ ಉಳಿಸಿಕೊಂಡಿದ್ದ ಹಳೇ ಕ್ಯಾಮೆರಾ, ಚಿಕ್ಕ ಲೆನ್ಸು ತೆಗೆದುಕೊಂಡು ಮತ್ತೆ ಹೋದೆ. ಅದೇ ಜಗುಲಿ, ಅದೇ ಸೀರೆ. ಈ ಸಲ ಗೆರೆಗಳೆಲ್ಲ ಮೆತ್ತಗಾಗಿ, ಮುಖ ಬೆಣ್ಣೆಯಂತೆ ಬಂತು. ಅಜ್ಜಿ ಕಟ್ಟನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಕಣ್ಣು ತುಂಬಿ ಬಂತು. "ಇದು ನಾನು ಕಣಪ್ಪ. ನಮ್ಮವ್ವನಂಗೆ ಬಂದಿವ್ನಿ."

ಮೊದಲಿನ ಫೋಟೊ ವಾಪಸು ತೆಗೆದುಕೊಂಡು ಹೋಗೋಣ ಅಂತ ಕೈ ಹಾಕಿದೆ.

"ಅದ್ನ ಬುಡು, ಇಲ್ಲೇ ಇರ್ಲಿ."

"ಬೇಡ ಅಂದ್ರಲ್ಲ ಅಜ್ಜಿ? ಅತ್ತೆ ಥರ ಕಾಣುತ್ತೆ ಅಂತ?"

ಕಾಫಿ ಹಿಡಿದು ಬರುತ್ತಿದ್ದ ಸೊಸೆಯನ್ನು ಅಜ್ಜಿ ಓರೆಗಣ್ಣಿನಲ್ಲಿ ನೋಡಿ, ಅವಳಿಗೂ ಕೇಳುವ ಹಾಗೆ ಹೇಳಿದರು: "ಅದ್ನ ಅಡಿಗೆಮನೇಲಿ ಆಕಿಸ್ತೀನಿ. ನಾನು ಓದ್ಮೇಲೂ ಇವ್ಳು ವಸಿ ಎದ್ರಿಕಂಡಿರ್ಲಿ!"