ದಫೇದಾರ ಎಡಕ್ಕೇ ತಿರುಗುತ್ತಾನೆ

ಈ ಸಲದ ಗುಡ್ಡದ ಓಟದಲ್ಲಿ ಎಲ್ಲರಿಗಿಂತ ಮುಂದೆ ನಾನೇ ಓಡುತ್ತೇನೆ ಎಂದು ತುಂಬಿದ ಸಭೆಯಲ್ಲಿ ಘೋಷಿಸಿದೆ. ಮೈಕು ಕುಂಯ್ ಎಂದಿತು. ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿಯೂ ಹೆಚ್ಚುಕಡಿಮೆ ಅದೇ ಸದ್ದು ಮಾಡಿದಳು. ನಾನು ಗ್ರಂಥಾಲಯದ ಮೇಲ್ವಿಚಾರಕ. ಮೇಲಿನ ಕಪಾಟಿನ ಪುಸ್ತಕ ಬೇಕೆಂದು ಯಾರಾದರೂ ಬಂದರೆ, ಏಣಿ ಹತ್ತುವ ಬದಲು ಕೆಳಗಿನ ಕಪಾಟಿನದ್ದೇ ಇನ್ನೂ ಚೆನ್ನಾಗಿದೆಯೆಂದು ಒಪ್ಪಿಸಿ ಕಳಿಸುವವನು. ಅಂಥವನ ಬಾಯಲ್ಲಿ ಗುಡ್ಡದ ಮಾತು ಬಂದರೆ ಪಾಪ, ಮೈಕಾದರೂ ಏನು ಮಾಡೀತು!

ಅದು ನನ್ನ ಗೆಳೆಯನ ಸಂತಾಪ ಸಭೆ. ಅವನದು ಕನ್ನಡಕದ ಅಂಗಡಿ. ಒಂದು ಮಧ್ಯಾಹ್ನ ಯಾರದೋ ಕನ್ನಡಕ ಒರೆಸುತ್ತಾ ಕೂತವನು ಮತ್ತೆ ಏಳಲಿಲ್ಲ. ಊರಿಗೆಲ್ಲ ಅವನು ‘ಜಿಂಕೆ’. ಹೆಸರಿಟ್ಟವನು ನಾನೇ. ದಿನಾ ಬೆಳಗ್ಗೆ ನಾಯಿ ಹಿಡಿದುಕೊಂಡು ಗುಡ್ಡ ಹತ್ತಿ, ಬೆವರಿನಲ್ಲಿ ತೊಯ್ದು, ನಮ್ಮ ಬೀದಿಯಲ್ಲಿ ಬಾಣದಂತೆ ಓಡಿ ಬರುತ್ತಿದ್ದವನನ್ನು ಮತ್ತೇನೆಂದು ಕರೆಯಬೇಕು? ಗುಂಪಿನ ಜತೆ ಓಡಿದರೆ ಲಯ ತಪ್ಪುತ್ತದೆ ಎಂದು ಒಬ್ಬನೇ ಓಡುತ್ತಿದ್ದ. ವರ್ಷಕ್ಕೊಮ್ಮೆ ಗುಡ್ಡದ ಓಟ ನಡೆದಾಗ ಮಾತ್ರ ಓಡದೆ, ಓಡುವವರಿಗೆ ನೀರು ಕೊಡಲು ನಿಲ್ಲುತ್ತಿದ್ದ. ಕೇಳಿದರೆ, ಬೇರೆಯವರೂ ಒಮ್ಮೆ ಗೆಲ್ಲಲಿ ಬಿಡು ಎನ್ನುತ್ತಿದ್ದ. ಎಂಥ ದೊಡ್ಡ ಮನಸ್ಸು ಎಂದು ನಾನು ಕಂಡಕಂಡವರಿಗೆಲ್ಲ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದೇನೆ.

ಓಟದ ಬಳಗದ ಮುಖ್ಯಸ್ಥರು ಶಾಲೆಯ ವ್ಯಾಯಾಮ ಶಿಕ್ಷಕರು. ಕೊರಳಲ್ಲಿ ಸದಾ ಶಿಳ್ಳೆ ತೂಗುವುದರಿಂದ ಅವರು ಶಿಳ್ಳೆ ಮೇಷ್ಟ್ರು. ಈ ವರ್ಷದ ಓಟಕ್ಕೆ ಜಿಂಕೆಯ ಹೆಸರು, ಅವನ ನಾಯಿಯೇ ಮುಂದಾಳು ಎಂದು ಅವರು ಸಾರಿದರು. ನಾಯಿಯ ಹಗ್ಗ ಯಾರು ಹಿಡಿಯುತ್ತೀರಿ ಎಂದಾಗ ನನ್ನ ಕೈ ತಾನಾಗಿಯೇ ಮೇಲೆದ್ದಿತು. ದುಃಖದಲ್ಲಿರುವ ಮನುಷ್ಯನ ಕೈಗೆ ಬುದ್ಧಿ ಇರುವುದಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು, “ರೀ, ಗುಡ್ಡ ಯಾವ ದಿಕ್ಕಿಗಿದೆ ಅಂತ ಗೊತ್ತಾ?”

“ನಾಯಿಗೆ ಗೊತ್ತು ಕಣೇ” ಎಂದೆ. ಆ ಮಾತು ಎಷ್ಟು ನಿಜವೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ಮುಂಜಾನೆ ಜಿಂಕೆಯ ಮನೆ ಬಾಗಿಲಿಗೆ ಹೋದೆ. ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಹಗ್ಗ ತಂದು ಕೈಗಿಟ್ಟರು. ನಾಯಿಯ ಹೆಸರು ದಫೇದಾರ. ಎದೆ ಉಬ್ಬಿಸಿ ನಿಲ್ಲುವ ಠೀವಿಗೆ ತಕ್ಕ ಹೆಸರು.

“ಗುಡ್ಡಕ್ಕಾ?” ಎಂದರು ಅತ್ತಿಗೆ.

“ಗುಡ್ಡಕ್ಕೇ.”

“ಹುಷಾರು. ಅವನು ಎಳೆದ ಕಡೆ ಹೋಗಿ, ಸಾಕು.”

ದಫೇದಾರ ಗಂಭೀರವಾಗಿ ಹೊರಟ. ಊರಿನ ಅಂಚಿನಲ್ಲಿ ಗುಡ್ಡದ ಬುಡ ಬಂತು. ಅಲ್ಲಿ ದಾರಿ ಎರಡಾಗುತ್ತದೆ. ನೇರಕ್ಕೆ ಹೋದರೆ ಸುತ್ತಿ ಸುತ್ತಿ ತುದಿಗೇರುವ ರಸ್ತೆ. ಎಡಕ್ಕೆ ಹೋದರೆ ಗುಡ್ಡದ ಮಗ್ಗುಲಲ್ಲೇ ಸಾಗುವ ಸಮತಟ್ಟಾದ ಕಾಲುದಾರಿ. ನಾನು ದೇಹವನ್ನೆಲ್ಲ ಬಿಗಿಹಿಡಿದು, ಬಿಲ್ಲಿಗೆ ಹೂಡಿದ ಬಾಣದಂತೆ ನೇರಕ್ಕೆ ನುಗ್ಗಿದೆ. ದಫೇದಾರ ಎಡಕ್ಕೆ ತಿರುಗಿದ. ಬಾಣ ಹಿಂದಕ್ಕೆ ಬಂದು ಕುಕ್ಕರಿಸಿತು!

ಬಾ ಎಂದೆ, ಗದರಿದೆ, ಮುದ್ದು ಮಾಡಿದೆ. ಅವನು ನನ್ನನ್ನೇ ಎಳೆದುಕೊಂಡು ನಡೆದ. ಕಾಲುದಾರಿಯ ಕೊನೆಗೆ ಪಾಳುಬಿದ್ದ ಹಳೆಯ ಪಂಪ್‌ಹೌಸು, ಅದರ ಪಕ್ಕ ಒಂದು ನಲ್ಲಿ, ಒಂದು ಕಲ್ಲುಬೆಂಚು. ದಫೇದಾರ ನಲ್ಲಿಯ ಕೆಳಗೆ ನಿಂತು ಬೊಗಳಿದ. ಬಾಯಾರಿಕೆಯೆಂದು ನಲ್ಲಿ ತಿರುಗಿಸಿದೆ. ಅವನು ಒಂದು ಗುಟುಕೂ ಕುಡಿಯಲಿಲ್ಲ. ಮೈಯೊಡ್ಡಿ ನೆನೆದ, ಪಕ್ಕಕ್ಕೆ ಸರಿದ, ನನ್ನ ಮುಖ ನೋಡಿ ಮತ್ತೆ ಬೊಗಳಿದ. ಏನು ಮಾಡಿದರೂ ನಿಲ್ಲಿಸಲಿಲ್ಲ. ಕೊನೆಗೆ ತಲೆಕೆಟ್ಟು ನಾನೂ ನಲ್ಲಿಗೆ ತಲೆಯೊಡ್ಡಿದೆ. ತಕ್ಷಣ ಸುಮ್ಮನಾದ! ಬೆಂಚಿನ ಒಂದು ತುದಿಗೆ ಹತ್ತಿ ಮುದುಡಿ ಮಲಗಿದ, ನನಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಜಾಗ ಬಿಟ್ಟು.

ಬಹಳ ಹೊತ್ತಾದ ಮೇಲೆ ತಾನಾಗಿಯೇ ಎದ್ದು ಮನೆಯ ಕಡೆ ನಡೆದ. ನಮ್ಮ ಬೀದಿಯ ತಿರುವು ಬಂತೋ ಇಲ್ಲವೋ, ಭೂತ ಮೆಟ್ಟಿದವನಂತೆ ಓಡತೊಡಗಿದ! ಹಗ್ಗದ ಈ ತುದಿಯಲ್ಲಿ ನಾನು. ಚಪ್ಪಾಳೆ ತಟ್ಟುತ್ತಾ ನಿಂತ ನೆರೆಹೊರೆಯವರ ನಡುವೆ, ತೊಟ್ಟಿಕ್ಕುವ ಅಂಗಿಯಲ್ಲಿ ಹಾರಿಕೊಂಡು ಬಂದು ಅತ್ತಿಗೆಗೆ ಹಗ್ಗ ಒಪ್ಪಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು.

ಮನೆಯಲ್ಲಿ ಹೆಂಡತಿ, “ಪರವಾಗಿಲ್ವೇ, ಬೆವರಿದೀರಿ” ಎಂದಳು. “ಒಂಚೂರು ಆ ಕಡೆ ತಿರುಗಿ.” ತಿರುಗಿದೆ. “ಯಾಕೆ?” ಎಂದೆ. “ಏನಿಲ್ಲ” ಎಂದು ಅಡುಗೆಮನೆಗೆ ಹೋದಳು.

ಗ್ರಂಥಾಲಯದಲ್ಲಿ ದಿನವಿಡೀ ತಲೆ ಗೊಂದಲದ ಗೂಡಾಯಿತು. ಒಡೆಯನಿಲ್ಲದ ದುಃಖಕ್ಕೆ ನಾಯಿಗೆ ದಾರಿ ತಪ್ಪಿರಬಹುದೇ? ಇಲ್ಲ, ದಾರಿ ತಪ್ಪಿದ ನಾಯಿ ಅಷ್ಟು ಖಚಿತವಾಗಿ ನಲ್ಲಿಗೆ ಹೋಗದು. ಜಿಂಕೆ ಗುಡ್ಡ ಹತ್ತಿ ಇಳಿದ ಮೇಲೆ ಇಲ್ಲಿ ತಲೆ ತೊಳೆಯುತ್ತಿದ್ದನೇ? ಹಾಗಾದರೆ ನಾಯಿ ಗುಡ್ಡವನ್ನು ಯಾಕೆ ಬಿಟ್ಟಿತು? ಸೋಮಾರಿ ನಾಯಿಯೇ? ಸೋಮಾರಿಯಾದರೆ ಬೀದಿಯಲ್ಲಿ ನನ್ನ ತೋಳು ಕಿತ್ತುಬರುವಂತೆ ಎಳೆದದ್ದು ಯಾರು? ಯಾರೋ ಅಡುಗೆ ಪುಸ್ತಕ ಕೇಳಿದರು, ಕಾನೂನು ಪುಸ್ತಕ ಕೊಟ್ಟು ಕಳಿಸಿದೆ.

ಮಾರನೆಯ ದಿನವೂ ಎಡಕ್ಕೆ. ಅದರ ಮಾರನೆಯ ದಿನವೂ ಎಡಕ್ಕೆ. ಒಂದು ದಿನ ಬೆಂಚಿನ ಹಿಂದಿನ ಗೋಡೆಯ ಸಂದಿಯಲ್ಲಿ ಹಳದಿ ಬಟ್ಟೆಯ ತುಂಡೊಂದು ಕಂಡಿತು. ಎಳೆದು ಬಿಡಿಸಿದೆ. ಕನ್ನಡಕ ಒರೆಸುವ ಬಟ್ಟೆ, ಮೂಲೆಯಲ್ಲಿ ಜಿಂಕೆಯ ಅಂಗಡಿಯ ಹೆಸರು. ನಲ್ಲಿಗೆ ತಲೆಯೊಡ್ಡಿದ ಮೇಲೆ ಕನ್ನಡಕ ಒರೆಸಿಕೊಳ್ಳಲು, ದಿನಾ ಬರುವವನು ಮಾತ್ರ ಅಲ್ಲಿ ಬಟ್ಟೆ ಇಡುತ್ತಾನೆ.

ಅಂದರೆ ಆ ಬೆವರು ಬೆವರಲ್ಲ. ಗುಡ್ಡವೂ ಇಲ್ಲ. ಅವನು ಓಡಿದ್ದು ನಮ್ಮ ಬೀದಿಯೊಂದರಲ್ಲೇ!

ಸತ್ತವನ ಮೇಲೆ ಸಿಟ್ಟು ಬರುವುದು ಬಹಳ ಕಷ್ಟದ ಕೆಲಸ. ಬೈದರೆ ಉತ್ತರ ಬರುವುದಿಲ್ಲ, ಬಾಗಿಲು ಬಡಿದು ಹೋದರೆ ಹಿಂದೆ ಬಂದು ಕರೆಯುವುದೂ ಇಲ್ಲ. ದಿನಾ ಸಂಜೆ ಅಂಗಡಿಯಲ್ಲಿ ನನ್ನೆದುರು ಕೂತು ಗುಡ್ಡದ ತುದಿಯ ಗಾಳಿಯನ್ನು ಬಣ್ಣಿಸುತ್ತಿದ್ದನಲ್ಲ, ನನಗೇಕೆ ಹೇಳಲಿಲ್ಲ? ಬಟ್ಟೆಯನ್ನು ಜೇಬಿಗೆ ತುರುಕಿದೆ. ಆಮೇಲೆ ಹೊಳೆಯಿತು, ಓಟದ ದಿನ ಅತ್ತಿಗೆಯೇ ಬಾವುಟ ಬೀಸುವವರು. ಅವರ ಕಣ್ಣೆದುರು, ಊರಿನ ಕಣ್ಣೆದುರು, ಈ ದಫೇದಾರ ಎಡಕ್ಕೆ ತಿರುಗುತ್ತಾನೆ. ಜಿಂಕೆಯ ಮಾನ ಅವನ ನಾಯಿಯಿಂದಲೇ ಹೋಗುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸು ಗಂಡನ ಗುಡ್ಡವನ್ನೂ ಕಳೆದುಕೊಳ್ಳಬೇಕೇ? ನಾನಿರುವಾಗ ಅದು ಸಾಧ್ಯವಿಲ್ಲ!

ಹೀಗೆ ನನ್ನ ಗುಡ್ಡದ ಅಭ್ಯಾಸವು ನಾಯಿಯ ಪಾಠವಾಗಿ ಬದಲಾಯಿತು. ನೇರ ರಸ್ತೆಯುದ್ದಕ್ಕೂ ಬಿಸ್ಕತ್ತು ಹಾಕಿದೆ. ದಫೇದಾರ ಬಾಯಿಗೆಟುಕಿದಷ್ಟನ್ನು ತಿಂದು, ಬಾಯಿ ಚಪ್ಪರಿಸಿ ಎಡಕ್ಕೆ ತಿರುಗಿದ. ಉಳಿದದ್ದು ಕಾಗೆಗಳ ಪಾಲಾಯಿತು. ಕಣ್ಣಿಗೆ ಬಟ್ಟೆ ಕಟ್ಟಿದೆ. ಕಣ್ಣು ಕಟ್ಟಿಕೊಂಡೇ ಎಡಕ್ಕೆ ತಿರುಗಿದ. ಕೊನೆಗೆ ಅವನನ್ನು ಹೆಗಲ ಮೇಲೆ ಹೊತ್ತು ನೇರ ರಸ್ತೆ ಹತ್ತತೊಡಗಿದೆ. ಮೊದಲ ತಿರುವಿನಲ್ಲಿ ನನ್ನ ಕಣ್ಣಿಗೆ ಕತ್ತಲೆ ಕವಿಯಿತು. ಬೆಳಕು ಬಂದಾಗ ಎದುರಿಗೆ ಶಿಳ್ಳೆ ಮೇಷ್ಟ್ರು.

“ಭಾರ ಹೊತ್ತು ಅಭ್ಯಾಸವಾ? ಭೇಷ್” ಎಂದರು.

ಮರುದಿನ ಓಟದ ಬಳಗವೆಲ್ಲ ಮಕ್ಕಳ ಶಾಲೆಯ ಚೀಲಗಳನ್ನು ಬೆನ್ನಿಗೇರಿಸಿಕೊಂಡು ಗುಡ್ಡ ಹತ್ತುತ್ತಿತ್ತು. ಅದಕ್ಕಿಂತ ಭಾರವಾದ ವಸ್ತು ಯಾರ ಮನೆಯಲ್ಲೂ ಸಿಕ್ಕಲಿಲ್ಲವಂತೆ.

ನಾಯಿಗೆ ಕಾಲುನೋವು, ಓಟಕ್ಕೆ ಬೇಡ ಎಂದು ಸುಳ್ಳು ಹೇಳಿದೆ. ಮೇಷ್ಟ್ರು ಪಶುವೈದ್ಯರನ್ನೇ ಕರೆತಂದರು. ಅವರು ದಫೇದಾರನ ನಾಲ್ಕೂ ಕಾಲು ಎತ್ತಿ ನೋಡಿ, ನಾಯಿ ಗುಂಡುಕಲ್ಲಿನಂತಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನೀವು ಮಾತ್ರ ಯಾರಿಗಾದರೂ ತೋರಿಸಿಕೊಳ್ಳಿ ಎಂದರು.

ಈ ನಡುವೆ ಒಂದು ಮಾತು ಒಪ್ಪಿಕೊಳ್ಳಬೇಕು. ಪಾಠ ಸೋತ ದಿನವೆಲ್ಲ ನಾನೂ ನಲ್ಲಿಗೆ ತಲೆಯೊಡ್ಡಿ, ಒದ್ದೆ ಅಂಗಿಯಲ್ಲಿ ಬೀದಿಯಲ್ಲಿ ಓಡಿ ಮನೆಗೆ ಬರುತ್ತಿದ್ದೆ. ಹೆಂಡತಿ ದಿನಾ “ಆ ಕಡೆ ತಿರುಗಿ” ಎನ್ನುತ್ತಿದ್ದಳು. ನಾನು ದಿನಾ ತಿರುಗುತ್ತಿದ್ದೆ.

ಓಟದ ದಿನ ಬಂತು. ಊರಿಗೆ ಊರೇ ಗುಡ್ಡದ ಬುಡದಲ್ಲಿ ನೆರೆದಿತ್ತು. ದಫೇದಾರನ ಕೊರಳಿಗೆ ಬಣ್ಣದ ಪಟ್ಟಿ. ಅತ್ತಿಗೆ ಬಾವುಟ ಬೀಸಿದರು, ಶಿಳ್ಳೆ ಕೂಗಿತು. ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು, ಇದ್ದ ಬಲವನ್ನೆಲ್ಲ ಹಾಕಿ ನೇರಕ್ಕೆ ಓಡಿದೆ. ದಫೇದಾರನೂ ಇದ್ದ ಬಲವನ್ನೆಲ್ಲ ಹಾಕಿದ. ಯಾರ ಬಲ ಹೆಚ್ಚೆಂದು ಹೇಳುವ ಅಗತ್ಯವಿಲ್ಲ. ನಾನು ಎಡಕ್ಕೆ ಹಾರಿದೆ. ಮುಂದಾಳು ತಿರುಗಿದ ಮೇಲೆ ಹಿಂದಿನವರು ಬಿಡುತ್ತಾರೆಯೇ? ಓಟಕ್ಕೆ ಓಟವೇ ಎಡಕ್ಕೆ ತಿರುಗಿತು!

ಪಂಪ್‌ಹೌಸಿನ ಮುಂದೆ ದಾರಿ ಮುಗಿಯಿತು. ದಫೇದಾರ ನಲ್ಲಿಯ ಕೆಳಗೆ ನಿಂತು ಬೊಗಳಿದ. ಹಿಂದೆ ನೂಕುನುಗ್ಗಲು. ಶಿಳ್ಳೆ ಮೇಷ್ಟ್ರು ಜನರನ್ನು ಸೀಳಿಕೊಂಡು ಮುಂದೆ ಬಂದರು.

“ಇದ್ಯಾವ ದಾರಿ ಸ್ವಾಮಿ?”

“ಇದು… ಜಿಂಕೆಯ ದಾರಿ” ಎಂದೆ. ಸುಳ್ಳಲ್ಲವಲ್ಲ!

ಮೇಷ್ಟ್ರು ಸುತ್ತ ನೋಡಿದರು. ಪಂಪ್‌ಹೌಸಿನ ಬೆನ್ನಿಗೆ ಗುಡ್ಡದ ಇನ್ನೊಂದು ಮುಖವಿತ್ತು, ಗೋಡೆಯಂತೆ ಕಡಿದಾಗಿ, ಬರೀ ಕಲ್ಲು, ಮುಳ್ಳು. ಅವರು ಕತ್ತೆತ್ತಿ ಅದನ್ನು ನೋಡಿದರು. ನೋಡುತ್ತಲೇ ಇದ್ದರು. ಕಣ್ಣಲ್ಲಿ ನೀರು ತುಂಬಿತು.

“ರಸ್ತೆ ಬಿಟ್ಟು ಇಲ್ಲಿಂದ ಹತ್ತುತ್ತಿದ್ದನಾ,” ಎಂದರು ತಗ್ಗಿದ ದನಿಯಲ್ಲಿ, “ಒಂದು ದಿನ ಬಾಯಿ ಬಿಟ್ಟು ಹೇಳಲಿಲ್ಲ ನೋಡಿ.”

ನಾಯಿಯ ಹಾಗೆ ಎಲ್ಲರೂ ಭಕ್ತಿಯಿಂದ ನಲ್ಲಿಗೆ ತಲೆಯೊಡ್ಡಿದರು. ಆಮೇಲೆ ಆ ಗೋಡೆಗೆ ಮುಗಿಬಿದ್ದರು. ಜಾರಿ, ತೆವಳಿ, ಒಬ್ಬರ ಕಾಲು ಇನ್ನೊಬ್ಬರು ಹಿಡಿದು, ಜಿಂಕೆಯ ಹೆಸರು ಕೂಗುತ್ತಾ ಹತ್ತಿ ಮರೆಯಾದರು. ಅವನು ಬದುಕಿದ್ದಾಗ ಬರೀ ಜಿಂಕೆಯಾಗಿದ್ದ. ಅಂದಿನಿಂದ ಊರಿನಲ್ಲಿ ಅವನು ಕಾಡುಮೇಕೆಗೂ ಮಿಗಿಲು!

ಸದ್ದಡಗಿತು. ನಾನು ಬೆಂಚಿನ ಕಡೆ ತಿರುಗಿದರೆ, ಅಲ್ಲಿ ಅತ್ತಿಗೆ ಕೂತಿದ್ದರು. ಬಾವುಟ ಬೀಸಿದವರು ನಿಧಾನವಾಗಿ ನಮ್ಮ ಹಿಂದೆಯೇ ನಡೆದು ಬಂದಿದ್ದರು. ದಫೇದಾರ ಬೆಂಚಿನ ಅದೇ ತುದಿಯಲ್ಲಿ, ಅವರ ಮಗ್ಗುಲಲ್ಲಿ.

“ಅತ್ತಿಗೆ, ಈ ನಾಯಿ ಸುಮ್ಮನೆ… ಅದಕ್ಕೆ ಸ್ವಲ್ಪ ಮರೆವು” ಎಂದೆ.

“ಗೋಡೆ ಸಂದೀಲಿ ಒಂದು ಹಳದಿ ಬಟ್ಟೆ ಇತ್ತು” ಎಂದರು ಅವರು. “ನೀವು ತಗೊಂಡಿರಾ? ನೀವು ಮನೆಗೆ ಹೋದ ಮೇಲೆ ನಾನು ಇಲ್ಲಿ ಬಂದು ಕೂತು ಹೋಗ್ತೀನಿ. ಎಷ್ಟೋ ದಿನದಿಂದ ಹುಡುಕ್ತಾ ಇದೀನಿ.”

ಜೇಬಿನಿಂದ ಬಟ್ಟೆ ತೆಗೆದು ಕೊಟ್ಟೆ. ಅವರು ಅದನ್ನು ಮೊಣಕಾಲ ಮೇಲೆ ಹರಡಿ ಮಡಿಕೆ ಬಿಡಿಸಿದರು.

“ನಿಮಗೆ ಗೊತ್ತಿತ್ತಾ?”

“ನಲ್ಲಿ ತಿರುಗಿಸ್ತಿದ್ದೋಳೇ ನಾನಲ್ವಾ.”

ಮೊದಲ ದಿನ ಜಿಂಕೆ ನಿಜಕ್ಕೂ ಗುಡ್ಡಕ್ಕೆಂದೇ ಹೊರಟಿದ್ದನಂತೆ. ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ನೀರಿನ ಬಾಟಲಿ ಬಿಟ್ಟುಹೋದನೆಂದು ಹಿಂದೆಯೇ ಬಂದ ಅತ್ತಿಗೆ, ಸಮತಟ್ಟು ದಾರಿಯಲ್ಲಿ ಅವನನ್ನು ಈ ಬೆಂಚಿಗೆ ಕರೆತಂದು ಕೂರಿಸಿ, ತಲೆಗೆ ನೀರು ಹಾಕಿ, ಜತೆಗೆ ಕೂತರು. ಮನೆಯಲ್ಲಿ ಅತ್ತೆ, ಮಾವ, ನಾದಿನಿ, ಅವಳ ಮಕ್ಕಳು. ಗಂಡ ಹೆಂಡತಿ ಎರಡು ಮಾತಾಡಲು ಅಡುಗೆಮನೆಯ ಬಾಗಿಲ ಸಂದಿಯೂ ಖಾಲಿ ಇರುತ್ತಿರಲಿಲ್ಲ. ಅಂದು ಬಹಳ ಹೊತ್ತು ಮಾತಾಡಿದರಂತೆ.

“ವಾಪಸ್ ಬಂದಾಗ ಬೀದೀಲಿ ನೀವು ಎದುರಾದ್ರಿ. ಒದ್ದೆ ಅಂಗಿ ನೋಡಿ, ಜಿಂಕೆ ಜಿಂಕೆ ಅಂತ ಊರಿಗೆಲ್ಲ ಡಂಗುರ ಹೊಡೆದ್ರಿ. ಮಾರನೇ ದಿನ, ‘ಇವತ್ತು ಹೋಗಲ್ಲ ಅಂದ್ರೆ ಅವನ ಮುಖ ಸಪ್ಪಗಾಗುತ್ತೆ ಕಣೇ’ ಅಂತ ನಿಮಗೋಸ್ಕರ ಹೊರಟ್ರು. ನಾನು ಹಾಲಿಗೆ ಅಂತ ಹೊರಟೆ.” ಅತ್ತಿಗೆ ನಕ್ಕರು. “ಎಷ್ಟೋ ಸಲ ನಿಮಗೆ ಹೇಳಿಬಿಡ್ತೀನಿ ಅನ್ನೋರು. ನಾನೇ ಬೇಡ ಅಂದೆ. ಹೇಳಿದ್ರೆ ಈ ಬೆಂಚು ಹೋಗ್ತಿತ್ತಲ್ಲ.”

ಅವನ ಮಾನ ಉಳಿಸಲು ನಾಯಿ ಹೊತ್ತವನು ನಾನು. ಅವನನ್ನು ಗುಡ್ಡ ಹತ್ತಿಸಿದವನೂ ನಾನೇ. ನಗು ಬಂತು, ನಡುವೆ ಅದು ಎಲ್ಲೋ ದಾರಿ ತಪ್ಪಿತು. ನನ್ನ ಕನ್ನಡಕ ಮಂಜಾಯಿತು. ಅತ್ತಿಗೆ ಅದನ್ನು ತೆಗೆದು, ಆ ಹಳದಿ ಬಟ್ಟೆಯಲ್ಲಿ ಒರೆಸಿ, ತಮ್ಮ ಕೈಯಲ್ಲೇ ಇಟ್ಟುಕೊಂಡರು.

“ಬನ್ನಿ, ಬಗ್ಗಿ” ಎಂದರು, ನಲ್ಲಿಗೆ ಕೈ ಹಾಕುತ್ತಾ. “ಬೆನ್ನನ್ನೂ ನೀರಿಗೆ ಒಡ್ಡಿ. ಮುಂದೆ ಮಾತ್ರ ಬೆವರೋ ಗಂಡಸು ನಮ್ಮನೇಲಿ ಒಬ್ಬರಿದಾರೆ ಅಂತ ನಿಮ್ಮ ಮನೆಯವಳು ದಿನಾ ಬಂದು ನಗ್ತಾಳೆ.”

ಬಗ್ಗಿದೆ. ತಲೆಯ ಮೇಲೆ ನೀರು ಬೀಳುತ್ತಿದ್ದದ್ದು ಒಳ್ಳೆಯದೇ ಆಯಿತು. ಯಾವ ನೀರು ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಆ ಕಡೆ ತಿರುಗಿ” ಎಂದಳು. ತಿರುಗಿದೆ. ಅಂಗಿಯ ಬೆನ್ನನ್ನು ಮುಟ್ಟಿ ನೋಡಿದಳು, ಅಲ್ಲೂ ಒದ್ದೆ. ಆಮೇಲೆ ಟವೆಲು ಬೆನ್ನ ಮೇಲೆ ಬಿತ್ತು.

“ಈಗ ಸರಿಯಾಗಿ ಓಡಿದೀರಿ ನೋಡಿ.”